18, 17, 333: ಬೆನ್ನ ಮೇಲಿನ ಆರ್‌ಸಿಬಿ

ಪ್ರತಿ ಜರ್ಸಿ ನಂಬರಿಗೂ ಒಬ್ಬ ಶ್ರೇಷ್ಠ ಆಟಗಾರನನ್ನು ಆರಿಸುವುದು ಬೇಸ್‌ಬಾಲ್ ಅಭಿಮಾನಿಗಳ ಹಳೆಯ ಚಟ. 1929ರಲ್ಲಿ ನ್ಯೂಯಾರ್ಕ್ ಯಾಂಕೀಸ್ ಬ್ಯಾಟಿಂಗ್ ಕ್ರಮಾಂಕ ನೋಡಿ ನಂಬರ್ ಹಂಚಿತು. ಮೂರನೆಯವನಾಗಿ ಆಡುತ್ತಿದ್ದ ಬೇಬ್ ರೂತ್‌ಗೆ 3, ನಾಲ್ಕನೆಯವನಾದ ಲೂ ಗೆಹ್ರಿಗ್‌ಗೆ 4. ನಮ್ಮ ಕ್ರಿಕೆಟ್ಟಿಗೆ ಈ ಚಟ ತಡವಾಗಿ ಅಂಟಿತು. 1974ರಲ್ಲಿ ಕರ್ನಾಟಕಕ್ಕೆ ಮೊದಲ ರಣಜಿ ತಂದ ಪ್ರಸನ್ನ, ಚಂದ್ರಶೇಖರ್, ವಿಶ್ವನಾಥ್ ಬೆನ್ನ ಮೇಲೆ ಯಾವ ಅಂಕಿಯೂ ಇರಲಿಲ್ಲ. ಟೆಸ್ಟ್ ಪಂದ್ಯದ ಬಿಳಿ ಅಂಗಿಗೆ ನಂಬರ್ ಬಿದ್ದದ್ದೇ 2019ರಲ್ಲಿ.

ಹಾಗಾಗಿ ಈ ಆಟವನ್ನು ಕನ್ನಡದಲ್ಲಿ ಆಡುವುದಾದರೆ ಬೆಂಗಳೂರಿನ ಐಪಿಎಲ್ ತಂಡವಾದ ಆರ್‌ಸಿಬಿಗೇ ಬರಬೇಕು. ಮೌಳಂಗಿ, ದಾಂಡೇಲಿ ಕಡೆಯ ಟೆನಿಸ್ ಬಾಲ್ ಪಂದ್ಯಗಳನ್ನು ನೋಡಿದವರಿಗೆ ಇದರ ಕಾರಣ ಹೇಳಬೇಕಿಲ್ಲ. ಒಂದೇ ತಂಡದಲ್ಲಿ ಮೂವರು ವಿರಾಟ್ ಕೊಹ್ಲಿಯ 18 ತೊಟ್ಟು ಇಳಿದರೆ ಸ್ಕೋರ್ ಬರೆಯುವವನ ಪಾಡು ಯಾರಿಗೂ ಬೇಡ.

18ರ ಬಗ್ಗೆ ಚರ್ಚೆಯೇ ಇಲ್ಲ. ಆದರೆ ಅದರ ಹಿಂದಿನ ಕತೆಯಲ್ಲಿ ನಮ್ಮ ರಾಜ್ಯವೂ ಇದೆ ಎಂಬುದು ಹಲವರಿಗೆ ಮರೆತಿದೆ. 2006ರ ಡಿಸೆಂಬರ್ 18ರಂದು ಕೊಹ್ಲಿಯ ತಂದೆ ತೀರಿಕೊಂಡಾಗ ದೆಹಲಿಯ ಕೋಟ್ಲಾದಲ್ಲಿ ರಣಜಿ ಪಂದ್ಯ ನಡೆಯುತ್ತಿತ್ತು, ಎದುರಾಳಿ ಕರ್ನಾಟಕ. ಹದಿನೆಂಟರ ಹುಡುಗ ಮೈದಾನಕ್ಕೆ ಬಂದು 90 ರನ್ ಹೊಡೆದು, ಆಮೇಲೆ ಅಂತ್ಯಕ್ರಿಯೆಗೆ ಹೋದ. ಸರಿಯಾಗಿ ಎರಡು ವರ್ಷವೂ ಕಳೆಯುವ ಮೊದಲೇ ಅವನು ಬೆಂಗಳೂರಿನವನಾದ. 2008ರ ಏಪ್ರಿಲ್ 18ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಐಪಿಎಲ್ ಶುರುವಾಯಿತು. ಎದುರಾಳಿ ಮೆಕಲಮ್ 158 ಹೊಡೆದ ಆ ರಾತ್ರಿ ಆರ್‌ಸಿಬಿ 82ಕ್ಕೆ ಆಲೌಟ್, ಕೊಹ್ಲಿಯ ಗಳಿಕೆ ಒಂದೇ ರನ್. ಅದೇ ಬೆನ್ನು 2016ರಲ್ಲಿ ನಾಲ್ಕು ಶತಕ ಸೇರಿ 973 ರನ್ ಹೊತ್ತಿತು.

19ಕ್ಕೆ ಬಂದರೆ ಜಗಳ ಶುರು. ದ್ರಾವಿಡ್ ಮೊದಲ ನಾಯಕ. ತಂಡ ಎಂಟು ತಂಡಗಳಲ್ಲಿ ಏಳನೆಯದಾದ 2008ರ ಆ ಕೆಟ್ಟ ವರ್ಷದಲ್ಲೂ 371 ರನ್ ಗಳಿಸಿ ತಂಡದಲ್ಲಿ ಮುಂದಿದ್ದವರು ಅವರೇ. ಆಮೇಲೆ ಇದೇ 19ನ್ನು ದಿನೇಶ್ ಕಾರ್ತಿಕ್ ತೊಟ್ಟರು. 2022ರಲ್ಲಿ ಕೊನೆಯ ಓವರುಗಳಿಗಿಳಿದು ಅವರು ಗೆಲ್ಲಿಸಿದ ಪಂದ್ಯಗಳನ್ನು ಲೆಕ್ಕಕ್ಕೆ ಹಿಡಿದರೆ ಟಿ20 ಆಟದಲ್ಲಿ ಕಾರ್ತಿಕ್ ತೂಕವೇ ಹೆಚ್ಚು. ನನ್ನ ಮತ ಮಾತ್ರ ದ್ರಾವಿಡ್‌ಗೆ. ಪಕ್ಷಪಾತ ಎನ್ನುವವರು ಎನ್ನಲಿ.

ಕುಂಬ್ಳೆಯನ್ನು ನೆನೆಯಲು ಜರ್ಸಿಯ ನಂಬರ್ ಬೇಡ, 5ಕ್ಕೆ 5 ಎಂದರೆ ಸಾಕು. 2009ರಲ್ಲಿ ಕೇಪ್‌ಟೌನಿನಲ್ಲಿ ರಾಜಸ್ಥಾನವನ್ನು 58ಕ್ಕೆ ಮುದುರಿಸಿದ ಲೆಕ್ಕ ಅದು. ಅದೇ ವರ್ಷ ಜೋಹಾನ್ಸ್‌ಬರ್ಗಿನ ಫೈನಲ್‌ನಲ್ಲಿ ಮೊದಲ ಓವರಿನಲ್ಲೇ ಗಿಲ್‌ಕ್ರಿಸ್ಟ್‌ನನ್ನು ಸೊನ್ನೆಗೆ ಕೆಡವಿ, 16 ರನ್‌ಗೆ 4 ವಿಕೆಟ್ ಕಿತ್ತು, ಸೋತ ತಂಡದಲ್ಲಿದ್ದೂ ಪಂದ್ಯಶ್ರೇಷ್ಠರಾದರು. ಡೆಕ್ಕನ್ ಚಾರ್ಜರ್ಸ್ ಗೆದ್ದದ್ದು 6 ರನ್‌ಗಳಿಂದ.

333 ಎಂಬ ಮೂರಂಕಿ ಬಂದದ್ದು ಗೇಲ್ ಗಾಲೆಯಲ್ಲಿ ಶ್ರೀಲಂಕಾದ ವಿರುದ್ಧ ಹೊಡೆದ ಟೆಸ್ಟ್ ಮೊತ್ತದಿಂದ. 2011ರ ಹರಾಜಿನಲ್ಲಿ ಯಾರಿಗೂ ಬೇಡವಾಗಿದ್ದ ಗೇಲ್, ಗಾಯಾಳುವೊಬ್ಬನ ಬದಲಿಗೆ ಟೂರ್ನಿಯ ನಡುವೆ ಬಂದು ಮೊದಲ ಪಂದ್ಯದಲ್ಲೇ ಶತಕ ಬಾರಿಸಿದ. 2013ರ ಏಪ್ರಿಲ್ 23ರಂದು ಪುಣೆಯ ವಿರುದ್ಧ 30 ಎಸೆತಕ್ಕೆ ನೂರು, 66 ಎಸೆತಕ್ಕೆ ಔಟಾಗದೆ 175. ಆ ಸಂಜೆ ಚಿನ್ನಸ್ವಾಮಿಯಲ್ಲಿ ಚೆಂಡಿಗಿಂತ ಬೌಲರ್‌ಗಳ ಮೇಲೇ ಕನಿಕರ ಹುಟ್ಟುತ್ತಿತ್ತು. ಡಿವಿಲಿಯರ್ಸ್‌ನ 17ರದು ಬೇರೆ ಬಗೆ. 2011ರಿಂದ 2021ರವರೆಗೆ ಅವನು ಆಡಿದ್ದನ್ನು ಒಂದು ಇನ್ನಿಂಗ್ಸಿಗೆ ಕಟ್ಟಿಹಾಕಲಾಗದು. ಗುಜರಾತ್ ಲಯನ್ಸ್ ಎದುರು ಕೊಹ್ಲಿ ಜೊತೆ ಸೇರಿಸಿದ 229 ರನ್ ಜತೆಯಾಟವನ್ನು ಹೇಳಿ ಮುಂದೆ ಹೋಗುವೆ. 2023ರ ಮಾರ್ಚ್‌ನಲ್ಲಿ ತಂಡ ಈ ಎರಡೂ ನಂಬರುಗಳನ್ನು ನಿವೃತ್ತಿಗೊಳಿಸಿತು. ಇಬ್ಬರಿಗೂ ಐಪಿಎಲ್ ಕಪ್ ಸಿಗಲಿಲ್ಲ. ಕಪ್ಪಿಲ್ಲದವರಿಗೆ ಇಷ್ಟು ಗೌರವವೇ ಎಂದು ಬೇರೆ ತಂಡದವರು ನಕ್ಕರು. ನನಗದು ಆರ್‌ಸಿಬಿಯ ಒಳ್ಳೆಯ ಗುಣವಾಗಿ ಕಂಡಿತು.

ನಿಜವಾದ ಅನ್ಯಾಯ ಆದದ್ದು 3ಕ್ಕೆ. ಗಿಡ್ಡ ಬೌಂಡರಿಯ, ಬೌಲರ್‌ಗಳು ನಡುಗುವ ಚಿನ್ನಸ್ವಾಮಿಯನ್ನು ತವರು ಮಾಡಿಕೊಂಡು 139 ವಿಕೆಟ್ ಕಿತ್ತ ಚಾಹಲ್‌ನನ್ನು 2022ಕ್ಕೆ ಮೊದಲು ಬಿಟ್ಟುಕೊಟ್ಟರು. ಬ್ಯಾಟರ್‌ಗಳನ್ನು ಪೂಜಿಸಿ ಬೌಲರ್‌ಗಳನ್ನು ಮರೆಯುವುದು ಈ ತಂಡದ ಹಳೆಯ ಕಾಯಿಲೆ. ಕಾಯಿಲೆ ವಾಸಿಯಾದಾಗಲೇ ಕಪ್ ಬಂತು. 2025ರಲ್ಲಿ 38ನೇ ನಂಬರಿನ ಹೇಜಲ್‌ವುಡ್ 22 ವಿಕೆಟ್ ಪಡೆದ. ಜೂನ್ 3ರಂದು ಅಹಮದಾಬಾದಿನಲ್ಲಿ ಪಂಜಾಬ್ ವಿರುದ್ಧ ಕೃಣಾಲ್ ಪಾಂಡ್ಯ ನಾಲ್ಕು ಓವರಿಗೆ 17 ರನ್ ಕೊಟ್ಟು 2 ವಿಕೆಟ್ ಕಿತ್ತು ಪಂದ್ಯಶ್ರೇಷ್ಠನಾದ. ಗೆಲುವಿನ ಅಂತರ ಮತ್ತೆ 6 ರನ್, ಈ ಸಲ ನಮ್ಮ ಕಡೆಗೆ. ಮಾರನೆಯ ದಿನ ಬೆಂಗಳೂರಿನಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಮಂದಿ ಸತ್ತರು. ಆ ಕಪ್ಪಿನ ಸ್ಮರಣೆ ಬರೆಯುವಾಗ ಇದನ್ನು ಬಿಟ್ಟು ಬರೆಯಲಾಗದು.

ಆ ಕಪ್ಪಿಗೂ ಮೊದಲೇ, 2024ರ ಮಾರ್ಚ್ 17ರಂದು, ತಂಡದ ಹೆಣ್ಣುಮಕ್ಕಳು ತಮ್ಮ ಲೀಗಿನ ಕಪ್ ತಂದಿದ್ದರು. ದೆಹಲಿ 113ಕ್ಕೆ ಆಲೌಟಾದ ಫೈನಲ್‌ನಲ್ಲಿ ನಮ್ಮ ಶ್ರೇಯಾಂಕಾ ಪಾಟೀಲ್ 12 ರನ್‌ಗೆ 4 ವಿಕೆಟ್ ಪಡೆದಳು. ಎಲಿಸ್ ಪೆರಿ ಆ ವರ್ಷ 347 ರನ್ ಗಳಿಸಿ, 8ನೇ ನಂಬರಿಗೆ ಬೇರೆ ಹೆಸರೇ ಬೇಡ ಎನ್ನಿಸಿದಳು. ನಾಯಕಿ ಸ್ಮೃತಿ ಮಂದಾನಾ ಹುಟ್ಟಿದ್ದು ಜುಲೈ 18ರಂದು, ತೊಡುವುದೂ 18. ಕೊಹ್ಲಿಯ ಕೈಗೆ ಕಪ್ ಸಿಗುವ ಹದಿನಾಲ್ಕು ತಿಂಗಳು ಮೊದಲೇ ಈ 18 ಅದನ್ನು ಎತ್ತಿ ಹಿಡಿದಿತ್ತು. ನಾಳೆ ಕೊಹ್ಲಿ ಬ್ಯಾಟ್ ಕೆಳಗಿಟ್ಟ ದಿನ 17, 333ರ ಸಾಲಿಗೆ 18ನ್ನೂ ಸೇರಿಸಿ ಎಂಬ ಕೂಗು ಎದ್ದೇ ಏಳುತ್ತದೆ. ಆಗ ತಂಡದವರು ಸ್ಮೃತಿಯನ್ನೂ ಒಂದು ಮಾತು ಕೇಳಬೇಕಾಗುತ್ತದೆ.