ಡಿಜಿಟಲ್ ಪ್ರಚಾರ: ನಂಬರ್ ಯಾರ ಬಳಿ ಇದೆ?

1996ರ ಅಕ್ಟೋಬರ್‌ನಲ್ಲಿ, ಅಮೆರಿಕದ ಅಧ್ಯಕ್ಷ ಸ್ಥಾನಕ್ಕೆ ಸ್ಪರ್ಧಿಸಿದ್ದ ಬಾಬ್ ಡೋಲ್ ಅವರು ಬಿಲ್ ಕ್ಲಿಂಟನ್ ಎದುರಿನ ಟಿವಿ ಚರ್ಚೆಯನ್ನು ಮುಗಿಸುವಾಗ ತಮ್ಮ ವೆಬ್‌ಸೈಟಿನ ವಿಳಾಸ ಹೇಳಿದರು. ಹೇಳುವ ಭರದಲ್ಲಿ ಒಂದು ಚುಕ್ಕೆ ಬಿಟ್ಟರು. ಕೇಳಿಸಿದ ಹಾಗೇ ಟೈಪ್ ಮಾಡಿದವರು ಎಲ್ಲಿಗೂ ಮುಟ್ಟುವಂತಿರಲಿಲ್ಲ. ವಿಳಾಸ ಸರಿಯಾಗಿದ್ದರೂ ಹೆಚ್ಚೇನೂ ಆಗುತ್ತಿರಲಿಲ್ಲ ಅನ್ನಿ. ಆಗಿನ ಪ್ರಚಾರದ ವೆಬ್‌ಸೈಟು ಎಂದರೆ ಗೋಡೆಯ ಬದಲು ಪರದೆಗೆ ಅಂಟಿಸಿದ ಕರಪತ್ರ. ಬಂದವರು ಓದಿ ಹೋಗುತ್ತಿದ್ದರು. ಅವರನ್ನು ಮತ್ತೆ ಹಿಡಿಯುವ ಉಪಾಯ ಪಕ್ಷಗಳಿಗೆ ಇನ್ನೂ ಕರಗತವಾಗಿರಲಿಲ್ಲ.

ಅಲ್ಲಿಂದೀಚೆಗಿನ ಮೂವತ್ತು ವರ್ಷಗಳ ಚರಿತ್ರೆಯನ್ನು ಸಾಮಾನ್ಯವಾಗಿ ಸಾಧನಗಳ ಹೆಸರಿನಲ್ಲಿ ಹೇಳುತ್ತಾರೆ. ಇಮೇಲ್ ಬಂತು, ಫೇಸ್‌ಬುಕ್ ಬಂತು, ವಾಟ್ಸ್ಯಾಪ್ ಬಂತು, ಈಗ ಎಐ. ಮಾತಿನ ವೇಗ ಹೆಚ್ಚಾಯಿತು, ಸುಳ್ಳಿನ ವೇಗ ಇನ್ನೂ ಹೆಚ್ಚಾಯಿತು ಎಂಬುದು ಆ ಕಥೆಯ ಸಾರ. ಅದು ತಪ್ಪೇನಲ್ಲ. ಆದರೆ ಪಕ್ಷಗಳ ಕಚೇರಿಯೊಳಗೆ ಇಣುಕಿದರೆ ಕಾಣುವುದು ಬೇರೆ. ಅಲ್ಲಿ ನಿಜವಾದ ಬಂಡವಾಳ ಮಾತಲ್ಲ, ಪಟ್ಟಿ. ಯಾರ ಹೆಸರು, ಯಾವ ಬೂತು, ಮೊಬೈಲ್ ನಂಬರ್ ಯಾವುದು, ಯಾರ ಕಡೆ ಒಲವು? ಪ್ರತಿ ಹೊಸ ಸಾಧನವೂ ಈ ಪಟ್ಟಿಗೆ ಒಂದು ಕಾಲಂ ಸೇರಿಸಿದೆ. ಹಾಗೆ ಸೇರಿಸದ ಸಾಧನಗಳು ಸುದ್ದಿ ಮಾಡಿ ಮರೆಯಾಗಿವೆ.

ಇದರ ಮೊದಲ ಸುಳಿವು ಸಿಕ್ಕಿದ್ದು 1998ರಲ್ಲಿ, ಮಿನೆಸೋಟಾದಲ್ಲಿ. ಕುಸ್ತಿ ಅಖಾಡದಿಂದ ಬಂದ ಜೆಸ್ಸಿ ವೆಂಚುರಾ ಮೂರನೆಯ ಪಕ್ಷವೊಂದರಿಂದ ಗವರ್ನರ್ ಹುದ್ದೆಗೆ ನಿಂತಿದ್ದರು. ಹಣವಿರಲಿಲ್ಲ, ಕಚೇರಿಗಳೂ ಇರಲಿಲ್ಲ. ಇದ್ದದ್ದು ಬೆಂಬಲಿಗರ ಇಮೇಲ್ ಪಟ್ಟಿ. ಮತದಾನಕ್ಕೆ ಮುಂಚಿನ ಮೂರು ದಿನಗಳ ಪ್ರವಾಸಕ್ಕೆ ಅವರು ಜನ ಸೇರಿಸಿದ್ದು ಆ ಪಟ್ಟಿಯ ಬಲದಿಂದಲೇ. ಗೆದ್ದೂಬಿಟ್ಟರು. ದಕ್ಷಿಣ ಕೊರಿಯಾದ ಉದಾಹರಣೆ ಇನ್ನೂ ನಾಟಕೀಯವಾದದ್ದು. 2002ರ ಡಿಸೆಂಬರ್‌ನಲ್ಲಿ, ಮತದಾನದ ಹಿಂದಿನ ರಾತ್ರಿ, ಅಧ್ಯಕ್ಷ ಸ್ಥಾನದ ಅಭ್ಯರ್ಥಿ ರೋ ಮೂ-ಹ್ಯುನ್ ಅವರ ಮಿತ್ರಪಕ್ಷದ ನಾಯಕ ಬೆಂಬಲ ಹಿಂತೆಗೆದುಕೊಂಡರು. ‘ನೋಸಾಮೊ’ ಎಂಬ ಅಭಿಮಾನಿ ಬಳಗ ರಾತ್ರಿಯಿಡೀ ಆನ್‌ಲೈನ್‌ನಲ್ಲೂ ಮೊಬೈಲ್ ಸಂದೇಶಗಳಲ್ಲೂ ಜನರನ್ನು ಎಬ್ಬಿಸಿತು. ರೋ ಗೆದ್ದರು. ಗೆದ್ದ ಮೇಲೆ ಮೊದಲ ಸಂದರ್ಶನ ಕೊಟ್ಟಿದ್ದು ದೊಡ್ಡ ಪತ್ರಿಕೆಗಳಿಗಲ್ಲ, ‘ಓಮೈನ್ಯೂಸ್’ ಎಂಬ ಆನ್‌ಲೈನ್ ಪತ್ರಿಕೆಗೆ.

ಅಮೆರಿಕದಲ್ಲಿ ಇದಕ್ಕೆ ವ್ಯತಿರಿಕ್ತವಾದ ಪಾಠ ಕಲಿಸಿದವರು ಡೆಮಾಕ್ರಟಿಕ್ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿಯಾಗಲು ಹೊರಟಿದ್ದ ಹೊವರ್ಡ್ ಡೀನ್. 2003ರಲ್ಲಿ ಮೀಟಪ್ ತಾಣದ ಮೂಲಕ ಊರೂರಿನಲ್ಲಿ ಅವರ ಬೆಂಬಲಿಗರು ತಾವಾಗಿಯೇ ಸಭೆ ಸೇರತೊಡಗಿದರು. ಸಣ್ಣ ಸಣ್ಣ ದೇಣಿಗೆಗಳು ಆನ್‌ಲೈನ್‌ನಲ್ಲಿ ಹರಿದುಬಂದವು. ಪತ್ರಿಕೆಗಳು ಅವರನ್ನು ಆಗಲೇ ಗೆಲ್ಲಿಸಿಬಿಟ್ಟಿದ್ದವು. 2004ರ ಜನವರಿಯಲ್ಲಿ ಅಯೋವಾದ ಚಳಿಯಲ್ಲಿ ಸಾವಿರಾರು ಸ್ವಯಂಸೇವಕರು ಕಿತ್ತಳೆ ಬಣ್ಣದ ಟೊಪ್ಪಿ ಹಾಕಿಕೊಂಡು ಮನೆ ಬಾಗಿಲು ಬಡಿದರು. ಅವರಲ್ಲಿ ಬಹಳಷ್ಟು ಮಂದಿ ಹೊರ ರಾಜ್ಯಗಳಿಂದ ಬಂದವರು; ಸ್ಥಳೀಯರಿಗೆ ಅವರ ಪರಿಚಯವೇ ಇರಲಿಲ್ಲ. ಅಲ್ಲಿ ನಡೆದ ಪಕ್ಷದೊಳಗಿನ ಆಯ್ಕೆಯಲ್ಲಿ ಡೀನ್ ಮೂರನೆಯ ಸ್ಥಾನಕ್ಕೆ ಇಳಿದರು. ಅವರ ಬಳಿ ಇದ್ದದ್ದು ಉತ್ಸಾಹಿಗಳ ಪಟ್ಟಿ, ಅಯೋವಾ ಮತದಾರರ ಪಟ್ಟಿಯಲ್ಲ.

ಬರಾಕ್ ಒಬಾಮ ಅವರ ತಂಡ ಈ ಎರಡನ್ನೂ ಕೂಡಿಸಿತು. 2008ರ ಆಗಸ್ಟ್‌ನಲ್ಲಿ ಅವರು ಮಾಡಿದ ಒಂದು ಕೆಲಸ ನನಗೆ ಇಂದಿಗೂ ಈ ಕ್ಷೇತ್ರದ ಅತ್ಯಂತ ಜಾಣ ನಡೆ ಅನ್ನಿಸುತ್ತದೆ. ಉಪಾಧ್ಯಕ್ಷ ಸ್ಥಾನದ ಅಭ್ಯರ್ಥಿ ಯಾರೆಂದು ಮೊದಲು ಎಸ್ಸೆಮ್ಮೆಸ್‌ನಲ್ಲೇ ತಿಳಿಸುತ್ತೇವೆ, ನಿಮ್ಮ ನಂಬರ್ ಕೊಡಿ ಎಂದು ಪ್ರಕಟಿಸಿದರು. ಜೋ ಬೈಡನ್ ಹೆಸರು ಮಾಧ್ಯಮಗಳಿಗೆ ಮೊದಲೇ ಸೋರಿತು, ಸಂದೇಶ ನಡುರಾತ್ರಿ ದಾಟಿದ ಮೇಲೆ ಬಂತು. ಏನಾದರೇನು, ನಂಬರುಗಳು ಕೈಸೇರಿದ್ದವು. ಚುನಾವಣೆ ಮುಗಿಯುವಾಗ ಅವರ ಇಮೇಲ್ ಪಟ್ಟಿಯಲ್ಲಿ ಸುಮಾರು 1.3 ಕೋಟಿ ವಿಳಾಸಗಳಿದ್ದವು. ಆನ್‌ಲೈನ್‌ನಲ್ಲಿ ಬಂದ ದೇಣಿಗೆ ಸುಮಾರು 50 ಕೋಟಿ ಡಾಲರ್.

ವೆಬ್‌ಸೈಟಿಗೆ ಬಂದವರು ಇಮೇಲ್ ವಿಳಾಸ ಕೊಡಬೇಕಾದರೆ ಪುಟ ಹೇಗಿರಬೇಕು ಎಂದೂ ಆ ತಂಡ ಪ್ರಯೋಗ ಮಾಡಿತು. ಗೂಗಲ್‌ನಿಂದ ಬಂದ ಡ್ಯಾನ್ ಸಿರೋಕರ್ ಇದರ ಮುಂದಾಳು. ಚಿತ್ರ, ವಿಡಿಯೊ, ಬಟನ್ ಮೇಲಿನ ಮಾತು ಇವುಗಳ 24 ಜೋಡಣೆಗಳನ್ನು ಬೇರೆ ಬೇರೆ ಜನರಿಗೆ ತೋರಿಸಿ ನೋಡಿದರು. ತಂಡದವರಿಗೆ ಇಷ್ಟವಾಗಿದ್ದದ್ದು ವಿಡಿಯೊ. ಫಲಿತಾಂಶದಲ್ಲಿ ಎಲ್ಲ ವಿಡಿಯೊಗಳೂ ಎಲ್ಲ ಚಿತ್ರಗಳಿಗಿಂತ ಹಿಂದೆ ಬಿದ್ದವು. ಒಬಾಮ ಕುಟುಂಬದ ಒಂದು ಫೋಟೊ, ಅದರ ಕೆಳಗೆ ‘ಇನ್ನಷ್ಟು ತಿಳಿಯಿರಿ’ ಎಂಬರ್ಥದ ಬಟನ್, ಇದು ಹಳೆಯ ಪುಟಕ್ಕಿಂತ 40.6 ಶೇಕಡಾ ಹೆಚ್ಚು ಮಂದಿಯನ್ನು ನೋಂದಾಯಿಸಿತು. ನಾಯಕರ ಅಭಿರುಚಿಗೂ ಸಲಹೆಗಾರರ ಅನುಭವಕ್ಕೂ ಇಲ್ಲಿ ಬೆಲೆಯಿಲ್ಲ ಎಂದು ಪ್ರಚಾರದ ಉದ್ಯಮ ಕಲಿತದ್ದು ಅಂದು. 2012ರಲ್ಲಿ ಒಬಾಮ ಅವರ ಎದುರಾಳಿ ಮಿಟ್ ರಾಮ್ನಿ, ಯಾರು ಮತ ಹಾಕಿದ್ದಾರೆ ಎಂದು ಬೂತಿನಿಂದಲೇ ತಿಳಿಯಲು ‘ಓರ್ಕಾ’ ಎಂಬ ವ್ಯವಸ್ಥೆಯನ್ನು ಕಟ್ಟಿದರು. ಮತದಾನದ ದಿನವೇ ಅದು ಕೈಕೊಟ್ಟಿತು. ಎಷ್ಟೋ ಸ್ವಯಂಸೇವಕರಿಗೆ ಪಾಸ್‌ವರ್ಡ್ ಕೂಡ ಸರಿಯಾಗಿ ತಲುಪಿರಲಿಲ್ಲ.

ಭಾರತದಲ್ಲಿ ಆರಂಭ ಧ್ವನಿಯಿಂದ. 2004ರಲ್ಲಿ ಫೋನ್ ಎತ್ತಿದರೆ ವಾಜಪೇಯಿ ಅವರ ಮುದ್ರಿತ ಧ್ವನಿ ಕೇಳುತ್ತಿತ್ತು. 2009ರಲ್ಲಿ ಆಡ್ವಾಣಿ ಅವರ ಪರವಾಗಿ ವೆಬ್‌ಸೈಟು, ಬ್ಲಾಗು, ಗೂಗಲ್ ಜಾಹೀರಾತುಗಳೆಲ್ಲ ಬಂದವು. ಎರಡೂ ಬಾರಿ ಬಿಜೆಪಿ ಸೋತಿತು. ಇಂಟರ್ನೆಟ್ ಇದ್ದವರೇ ಕಡಿಮೆ ಎಂಬುದು ಒಂದು ಕಾರಣ. ಕನ್ನಡದಂಥ ಭಾಷೆಗಳಿಗೆ ಇನ್ನೊಂದು ತಾಪತ್ರಯವೂ ಇತ್ತು. ಆಂಡ್ರಾಯ್ಡ್ ಫೋನುಗಳಲ್ಲಿ ಕನ್ನಡ ಅಕ್ಷರ ನೆಟ್ಟಗೆ ಮೂಡತೊಡಗಿದ್ದು 2012ರ ಸುಮಾರಿಗೆ. ಅಲ್ಲಿಯವರೆಗೆ ಕನ್ನಡ ಸಂದೇಶ ಕಳಿಸಿದರೆ ಆ ಬದಿಯಲ್ಲಿ ಚೌಕಗಳ ಸಾಲು. ಹಾಗಾಗಿ ‘ನಿಮ್ಮ ಅಮೂಲ್ಯ ಮತ’ ಕೂಡ ಇಂಗ್ಲಿಷ್ ಲಿಪಿಯಲ್ಲೇ ಬರುತ್ತಿತ್ತು.

ಈ ಎರಡೂ ಅಡ್ಡಿಗಳನ್ನು ಒಂದೇ ಏಟಿಗೆ ದಾಟಿದ್ದು ಮಿಸ್ಡ್ ಕಾಲ್. ಓದುಬರಹ ಬೇಡ, ಇಂಟರ್ನೆಟ್ ಬೇಡ, ಕರೆನ್ಸಿಯೂ ಖರ್ಚಾಗದು. ಒಂದು ರಿಂಗು, ಕರೆ ಕಟ್, ಆ ಕಡೆಯ ಕಂಪ್ಯೂಟರಿನಲ್ಲಿ ನಿಮ್ಮ ನಂಬರ್ ದಾಖಲು. 2011ರ ಅಣ್ಣಾ ಹಜಾರೆ ಚಳವಳಿ ಇದನ್ನು ಬಳಸಿತು. 2014ರ ಕೊನೆಯಲ್ಲಿ ಬಿಜೆಪಿ ಸದಸ್ಯತ್ವ ಅಭಿಯಾನಕ್ಕೇ ಇದನ್ನು ಆಧಾರ ಮಾಡಿಕೊಂಡು, ಮರುವರ್ಷ 10 ಕೋಟಿ ಸದಸ್ಯರಾದರು ಎಂದು ಹೇಳಿಕೊಂಡಿತು. ಅಷ್ಟೂ ಮಂದಿ ನಿಜಕ್ಕೂ ಸದಸ್ಯರೇ ಎಂದು ವಿರೋಧಿಗಳು ನಕ್ಕರು. ನಗುವ ವಿಷಯವೇ ಅಲ್ಲ ಅದು. ಸದಸ್ಯರಾಗಲಿ ಬಿಡಲಿ, ನಂಬರಂತೂ ನಿಜ.

2014ರಲ್ಲಿ ನರೇಂದ್ರ ಮೋದಿ ಅವರ ಹೊಲೊಗ್ರಾಂ ಸಭೆಗಳ ಬಗ್ಗೆ ಜಗತ್ತೇ ಬರೆಯಿತು. ಅದೇ ಚುನಾವಣೆಯಲ್ಲಿ ಬೆಂಗಳೂರು ದಕ್ಷಿಣದಲ್ಲಿ ಆಧಾರ್ ರೂಪಿಸಿದ ನಂದನ್ ನಿಲೇಕಣಿ ಕಾಂಗ್ರೆಸ್ಸಿನಿಂದ ನಿಂತಿದ್ದರು. ದೇಶದ ಐಟಿ ರಾಜಧಾನಿ, ಇನ್ಫೊಸಿಸ್ ಸ್ಥಾಪಕರಲ್ಲಿ ಒಬ್ಬರು, ಕೈಗೆ ಬೇಕಾದ ತಂತ್ರಜ್ಞಾನವೆಲ್ಲ ಇತ್ತು. ಆದರೂ ಬಿಜೆಪಿಯ ಅನಂತಕುಮಾರ್ ಎದುರು ಎರಡು ಲಕ್ಷಕ್ಕೂ ಹೆಚ್ಚು ಮತಗಳಿಂದ ಸೋತರು. ಮೋದಿ ಅಲೆ ಎನ್ನುವುದು ಸುಲಭದ ಉತ್ತರ. ಅನಂತಕುಮಾರ್ 1996ರಿಂದ ಸತತವಾಗಿ ಗೆಲ್ಲುತ್ತ ಬಂದಿದ್ದ ಕ್ಷೇತ್ರದಲ್ಲಿ ಪ್ರತಿ ಬೂತಿಗೂ ಅವರ ಕಡೆಯವರಿದ್ದರು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಬೂತು ಮತ್ತು ಮೊಬೈಲು ಕೂಡಿದ್ದು 2016ರ ನಂತರ. ಜಿಯೊ ಬಂದು ಡೇಟಾ ಅಗ್ಗವಾಯಿತು, ಹಳ್ಳಿಯ ಕಟ್ಟೆಯ ಮೇಲೂ ವಿಡಿಯೊ ಓಡತೊಡಗಿತು. 2018ರ ಮೇ ತಿಂಗಳ ಕರ್ನಾಟಕ ವಿಧಾನಸಭಾ ಚುನಾವಣೆಯನ್ನು ವಿದೇಶಿ ಪತ್ರಿಕೆಗಳು ವಾಟ್ಸ್ಯಾಪ್ ಚುನಾವಣೆ ಎಂದೇ ಕರೆದವು. ಬಿಜೆಪಿ, ಕಾಂಗ್ರೆಸ್ ಎರಡೂ ಸೇರಿ ಹತ್ತಾರು ಸಾವಿರ ಗುಂಪುಗಳನ್ನು ಕಟ್ಟಿದ್ದವು. ಒಂದು ಗುಂಪಿಗೆ ಆಗ 256 ಮಂದಿಯ ಮಿತಿ. ರಾಜ್ಯ ಕಚೇರಿಯ ವಿಡಿಯೊ ಜಿಲ್ಲೆಯ ಗುಂಪಿಗೆ, ಅಲ್ಲಿಂದ ತಾಲ್ಲೂಕಿಗೆ, ಅಲ್ಲಿಂದ ಬೂತಿಗೆ ಇಳಿಯುತ್ತಿತ್ತು. ತುದಿಯಲ್ಲಿ ನಿಂತವನು ಬಿಜೆಪಿಯವರ ಮಾತಿನಲ್ಲಿ ‘ಪೇಜ್ ಪ್ರಮುಖ್’: ಮತದಾರರ ಪಟ್ಟಿಯ ಒಂದು ಹಾಳೆ, ಅದರಲ್ಲಿನ ಮೂವತ್ತರಷ್ಟು ಹೆಸರುಗಳು ಅವನ ಜವಾಬ್ದಾರಿ. ಸಂದೇಶ ಪಕ್ಷದ್ದಾದರೂ ಮತದಾರನಿಗೆ ಬರುವುದು ಗೊತ್ತಿರುವವನ ನಂಬರಿನಿಂದ. ನಂಬಿಕೆ ಹುಟ್ಟುವುದು ಅಲ್ಲಿ. ಟ್ವಿಟರ್‌ನ ಟ್ರೆಂಡುಗಳಲ್ಲಿ ಮುಳುಗಿದ್ದ ಟಿವಿಯವರಿಗೆ ಇದು ಕಾಣಿಸಲೇ ಇಲ್ಲ.

ಅದೇ ನಂಬಿಕೆ ಎಂಥ ಅನಾಹುತ ಮಾಡೀತೆಂದು ಎರಡೇ ತಿಂಗಳಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಗೊತ್ತಾಯಿತು. ಮಕ್ಕಳ ಕಳ್ಳರೆಂಬ ವಾಟ್ಸ್ಯಾಪ್ ವದಂತಿಗೆ ಹೈದರಾಬಾದಿನ ಯುವ ಎಂಜಿನಿಯರ್ ಒಬ್ಬರು ಬಲಿಯಾದರು. ಅದು ಚುನಾವಣೆಯ ಸಂದೇಶವಾಗಿರಲಿಲ್ಲ, ಹರಿದ ಕಾಲುವೆ ಮಾತ್ರ ಅದೇ. ಇಂಥ ಕೊಲೆಗಳು ಸಾಲುಸಾಲಾಗಿ ನಡೆದ ಆ ತಿಂಗಳು ವಾಟ್ಸ್ಯಾಪ್, ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದೇ ಕಡೆ ಫಾರ್ವರ್ಡ್ ಮಾಡಬಹುದೆಂಬ ಮಿತಿ ತಂದಿತು.

ಅದೇ ವರ್ಷ ಕೇಂಬ್ರಿಜ್ ಅನಲಿಟಿಕಾ ಹಗರಣ ಬಯಲಾಯಿತು: ಒಂದು ಕ್ವಿಜ್ ಆ್ಯಪ್ ಮೂಲಕ ಫೇಸ್‌ಬುಕ್ ಬಳಕೆದಾರರ ಮಾಹಿತಿ ಆ ಹೆಸರಿನ ಪ್ರಚಾರ ಸಲಹಾ ಕಂಪನಿಯ ಕೈಸೇರಿತ್ತು. ಅದರಲ್ಲಿ ನೆನಪಿಡಬೇಕಾದ ಸಂಖ್ಯೆ ಜಗತ್ತಿನ 8.7 ಕೋಟಿಯಲ್ಲ. ಫೇಸ್‌ಬುಕ್ ಲೆಕ್ಕದಂತೆ ಭಾರತದಲ್ಲಿ ಆ ಕ್ವಿಜ್ ಆ್ಯಪ್ ಹಾಕಿಕೊಂಡವರು 335 ಮಂದಿ. ಅಂಥವರ ಸ್ನೇಹಿತರಾಗಿದ್ದ ಕಾರಣಕ್ಕೆ ಮಾಹಿತಿ ಸೋರಿರಬಹುದಾದವರು 5.62 ಲಕ್ಷ. ಮನಸ್ಸನ್ನೇ ಓದಿ ಮತ ತಿರುಗಿಸುತ್ತೇವೆ ಎಂದ ಆ ಕಂಪನಿಯ ಜಂಬ ಬಹುಪಾಲು ವ್ಯಾಪಾರದ ಮಾತು. ಬಳಸಿದ್ದು ಎಲ್ಲರಿಗೂ ಸಿಗುವ ವಿಧಾನಗಳನ್ನೇ ಎಂದು ಬ್ರಿಟನ್ನಿನ ಮಾಹಿತಿ ಆಯುಕ್ತರ ಕಚೇರಿ 2020ರಲ್ಲಿ ಹೇಳಿತು. ಮಂತ್ರ ಸುಳ್ಳಿರಬಹುದು, ಕದ್ದ ಪಟ್ಟಿ ಸುಳ್ಳಲ್ಲ.

ನಮ್ಮಲ್ಲಿ ಪಟ್ಟಿಗಾಗಿ ಫೇಸ್‌ಬುಕ್ ತನಕ ಹೋಗಬೇಕಾಗಿಯೂ ಇಲ್ಲ. ಮತದಾರರ ಜಾಗೃತಿಗೆಂದು ಬಿಬಿಎಂಪಿಯಿಂದ ಅನುಮತಿ ಪಡೆದಿದ್ದ ಚಿಲುಮೆ ಸಂಸ್ಥೆಯ ಕಡೆಯವರು ಮತಗಟ್ಟೆ ಅಧಿಕಾರಿಗಳ ಸೋಗಿನಲ್ಲಿ ಮನೆಮನೆಗೆ ಹೋಗಿ ಜಾತಿ, ಮಾತೃಭಾಷೆ, ಫೋನ್ ನಂಬರ್ ಬರೆದುಕೊಂಡರೆಂಬ ಆರೋಪ 2022ರ ನವೆಂಬರ್‌ನಲ್ಲಿ ಸ್ಫೋಟಿಸಿತು. ಬಂಧನಗಳಾದವು, ಇಬ್ಬರು ಐಎಎಸ್ ಅಧಿಕಾರಿಗಳು ಅಮಾನತಾದರು. ಶಿವಾಜಿನಗರ, ಚಿಕ್ಕಪೇಟೆ, ಮಹದೇವಪುರ ಕ್ಷೇತ್ರಗಳ ಪಟ್ಟಿ ಮರುಪರಿಶೀಲಿಸಲು ಚುನಾವಣಾ ಆಯೋಗ ಆದೇಶಿಸಿತು.

ಆ ಹಗರಣಕ್ಕೆ ಎರಡು ತಿಂಗಳ ಮುಂಚೆ ಬೆಂಗಳೂರಿನ ಗೋಡೆಗಳ ಮೇಲೆ ‘ಪೇಸಿಎಂ’ ಪೋಸ್ಟರುಗಳು ಕಾಣಿಸಿಕೊಂಡಿದ್ದವು. ಅಂಗಡಿಗಳಲ್ಲಿ ದುಡ್ಡು ಕೊಡಲು ಸ್ಕ್ಯಾನ್ ಮಾಡುವಂಥದ್ದೇ ಕ್ಯೂಆರ್ ಕೋಡು, ನಡುವೆ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಅವರ ಮುಖ. ಸ್ಕ್ಯಾನ್ ಮಾಡಿದರೆ ಕಾಂಗ್ರೆಸ್ಸಿನ ‘40% ಸರ್ಕಾರ’ ವೆಬ್‌ಸೈಟ್ ತೆರೆದುಕೊಳ್ಳುತ್ತಿತ್ತು. ಪೊಲೀಸರು ಕೇಸು ಹಾಕಿದರು, ಪೋಸ್ಟರು ಕಿತ್ತರು. ಕಿತ್ತಷ್ಟೂ ಅದು ಟಿವಿಯಲ್ಲಿ ಬಂತು. ಕರ್ನಾಟಕದ ಡಿಜಿಟಲ್ ಪ್ರಚಾರದಲ್ಲಿ ಇದರಷ್ಟು ಚುರುಕಾದ ಕಲ್ಪನೆ ಇನ್ನೊಂದಿಲ್ಲ. ತರಕಾರಿ ಗಾಡಿಯವರೆಗೂ ಹಬ್ಬಿದ್ದ ಅಭ್ಯಾಸವೊಂದನ್ನು ಅದು ಇದ್ದ ಹಾಗೆಯೇ ಎತ್ತಿಕೊಂಡಿತು. ಗುತ್ತಿಗೆದಾರರ ಸಂಘ ಮೊದಲೇ ಮಾಡಿದ್ದ 40% ಕಮಿಷನ್ ಆರೋಪಕ್ಕೆ ಒಂದು ರೂಪ ಸಿಕ್ಕಿತು. ಮುಂದಿನ ಮೇ ತಿಂಗಳಲ್ಲಿ ಕಾಂಗ್ರೆಸ್ 135 ಸ್ಥಾನ ಗೆದ್ದಾಗ ಶ್ರೇಯಸ್ಸೆಲ್ಲ ತಂತ್ರಗಾರರಿಗೆ ಹೋಯಿತು. ಆದರೆ ಅದೇ ಪಕ್ಷ ಮನೆಮನೆಗೆ ಹಂಚಿದ ಗ್ಯಾರಂಟಿ ಕಾರ್ಡು ಅಪ್ಪಟ ಕಾಗದದ್ದು, ನಾಯಕರ ಸಹಿ ಇದ್ದದ್ದು.

ಕಾನೂನು ಇದೆಲ್ಲದರ ಹಿಂದೆ ಏದುಸಿರು ಬಿಡುತ್ತ ಓಡುತ್ತಿದೆ. ಅಭ್ಯರ್ಥಿಗಳು ತಮ್ಮ ಸಾಮಾಜಿಕ ಜಾಲತಾಣದ ಖಾತೆಗಳನ್ನು ಪ್ರಮಾಣಪತ್ರದಲ್ಲಿ ಹೇಳಬೇಕು, ಆನ್‌ಲೈನ್ ಜಾಹೀರಾತಿಗೆ ಮೊದಲೇ ಅನುಮೋದನೆ ಪಡೆಯಬೇಕು, ಖರ್ಚು ತೋರಿಸಬೇಕು ಎಂದು ಚುನಾವಣಾ ಆಯೋಗ 2013ರಲ್ಲೇ ಸೂಚಿಸಿತ್ತು. 2019ರಿಂದ ಗೂಗಲ್, ಫೇಸ್‌ಬುಕ್‌ಗಳು ರಾಜಕೀಯ ಜಾಹೀರಾತಿನ ವಿವರವನ್ನು ಬಹಿರಂಗವಾಗಿ ಇಟ್ಟಿವೆ. ತೂತು ಬೇರೆ ಕಡೆ ಇದೆ. ಅಭ್ಯರ್ಥಿಯ ಹೆಸರೇ ಇಲ್ಲದ ‘ಅಭಿಮಾನಿ’ ಪುಟಗಳು ಸುರಿಯುವ ಹಣ ಯಾರ ಲೆಕ್ಕಕ್ಕೆ? ಅಭ್ಯರ್ಥಿಯ ಅನುಮತಿಯಿಲ್ಲದೆ ಪ್ರಚಾರಕ್ಕೆ ಹಣ ಹಾಕಿದವರಿಗೆ ಹಳೆಯ ದಂಡಸಂಹಿತೆ ಇಟ್ಟಿದ್ದ ಶಿಕ್ಷೆ 500 ರೂಪಾಯಿ ದಂಡ. ಭಾರತೀಯ ನ್ಯಾಯ ಸಂಹಿತೆ ಅದನ್ನು 10,000ಕ್ಕೆ ಏರಿಸಿದೆ. ಪಕ್ಷಗಳ ಖರ್ಚಿಗಂತೂ ಮಿತಿಯೇ ಇಲ್ಲ.

ವೇಗದ ಸಮಸ್ಯೆಗೆ 2024ರ ಮೇ ತಿಂಗಳು ಸಾಕ್ಷಿ. ಒಂದು ಸಮುದಾಯವನ್ನು ಗುರಿಯಾಗಿಸಿದ ಅನಿಮೇಷನ್ ವಿಡಿಯೊವೊಂದು ರಾಜ್ಯ ಬಿಜೆಪಿಯ ಎಕ್ಸ್ ಖಾತೆಯಲ್ಲಿ ಬಂತು. ದೂರು, ಎಫ್‌ಐಆರ್ ಎಲ್ಲ ಆಗಿ, ತಕ್ಷಣ ತೆಗೆಯಿರಿ ಎಂದು ಆಯೋಗ ಎಕ್ಸ್ ಕಂಪನಿಗೆ ಬರೆದದ್ದು ಮೇ 7ರಂದು. ಅಂದು ರಾಜ್ಯದಲ್ಲಿ ಎರಡನೆಯ ಹಂತದ ಮತದಾನ ನಡೆಯುತ್ತಿತ್ತು.

ಎಐ ಬಂದ ಮೇಲೆ ಭಯಪಟ್ಟಷ್ಟು ಆಗಿಲ್ಲ, ಆದದ್ದೆಲ್ಲ ಸುದ್ದಿಯಾಗಿಯೂ ಇಲ್ಲ. 2018ರಲ್ಲಿ ತೀರಿಕೊಂಡ ಕರುಣಾನಿಧಿ 2024ರ ಜನವರಿಯಲ್ಲಿ ಸೇಲಂನ ಡಿಎಂಕೆ ಯುವ ಸಮಾವೇಶದಲ್ಲಿ ಪರದೆಯ ಮೇಲೆ ‘ಮಾತಾಡಿದರು’. ಮೋದಿ ಅವರ ಹಿಂದಿ ಭಾಷಣಗಳು ಎಐ ಧ್ವನಿಯಲ್ಲಿ ಕನ್ನಡಕ್ಕೂ ಬಂದವು. ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಬೈಡನ್ ಅವರ ನಕಲಿ ಧ್ವನಿ ಮತದಾರರಿಗೆ ಕರೆ ಮಾಡಿ, ಮತ ಹಾಕಬೇಡಿ ಎಂದಿತು. ಅಂಥ ಕರೆಗಳು ಕಾನೂನುಬಾಹಿರವೆಂದು ಅಮೆರಿಕದ ಸಂಪರ್ಕ ಆಯೋಗ ಕೆಲವೇ ವಾರಗಳಲ್ಲಿ ಸಾರಿತು. ಇವೆಲ್ಲ ಪ್ರದರ್ಶನದ ಬಗೆಯವು. ನನಗೆ ಮುಖ್ಯವೆನಿಸುವುದು, ನಾಯಕರ ತದ್ರೂಪಿ ಧ್ವನಿ ಒಬ್ಬೊಬ್ಬರ ಹೆಸರು ಹಿಡಿದು ಮಾತಾಡಿಸುವ ಕರೆಗಳು. ಹಾಗೆ ಕರೆಯಬೇಕಾದರೆ ಮೊದಲು ಹೆಸರೂ ನಂಬರೂ ಕೈಯಲ್ಲಿರಬೇಕು.

ಈಚೆಗೆ ಆನ್‌ಲೈನ್ ಸೌಲಭ್ಯ ಹೊಕ್ಕಿರುವುದು ಎಲ್ಲ ಪಟ್ಟಿಗಳಿಗೂ ತಾಯಿಯಾದ ಮತದಾರರ ಪಟ್ಟಿಯೊಳಕ್ಕೆ. ಕಲಬುರಗಿ ಜಿಲ್ಲೆಯ ಆಳಂದ ಕ್ಷೇತ್ರದಲ್ಲಿ, 2023ರ ಚುನಾವಣೆಗೆ ಕೆಲವು ತಿಂಗಳಿರುವಾಗ, ಮತದಾರರ ಹೆಸರು ತೆಗೆಯಲು ಆನ್‌ಲೈನ್‌ನಲ್ಲಿ 6,018 ಅರ್ಜಿಗಳು ಬಂದವು. ಯಾರ ಹೆಸರಿನಲ್ಲಿ ಅರ್ಜಿ ಹೋಗಿತ್ತೋ ಅವರಿಗೇ ಅದರ ಸುಳಿವಿರಲಿಲ್ಲ ಎಂಬ ದೂರುಗಳು ಎದ್ದವು. ಅಧಿಕಾರಿಗಳು ಒಂದೊಂದನ್ನೂ ಸ್ಥಳದಲ್ಲೇ ಪರಿಶೀಲಿಸಿದಾಗ ಸರಿಯೆಂದು ಕಂಡದ್ದು 24. ಉಳಿದ 5,994 ತಿರಸ್ಕೃತವಾದವು, ಆ ಹೆಸರುಗಳು ಪಟ್ಟಿಯಲ್ಲೇ ಉಳಿದವು. 2023ರ ಫೆಬ್ರುವರಿಯಲ್ಲಿ ಎಫ್‌ಐಆರ್ ದಾಖಲಾಯಿತು. ಎರಡೂವರೆ ವರ್ಷದ ನಂತರ ರಾಹುಲ್ ಗಾಂಧಿ ಅದನ್ನು ದೆಹಲಿಯ ಪತ್ರಿಕಾಗೋಷ್ಠಿಯಲ್ಲಿ ಎತ್ತಿದರು, ರಾಜ್ಯ ಸರ್ಕಾರ ವಿಶೇಷ ತನಿಖಾ ತಂಡ ರಚಿಸಿತು. ತನಿಖೆಯ ಮೊದಲ ಪ್ರಶ್ನೆ ಆ ಅರ್ಜಿಗಳಿಗೆ ಬಳಸಿದ ಮೊಬೈಲ್ ನಂಬರುಗಳು ಯಾರವು ಎಂಬುದೇ.