ಅಮೆರಿಕದ ಕಾಮಿಕ್ಸ್‌ನಲ್ಲಿ ಜನ್ಮವೃತ್ತಾಂತ ಮತ್ತು ವಿಶ್ವಪುರಾಣ

1938ರ ಜೂನ್ ತಿಂಗಳ ಮುದ್ರೆಯೊಡನೆ ಹೊರಬಿದ್ದ ‘ಆ್ಯಕ್ಷನ್ ಕಾಮಿಕ್ಸ್’ ಪತ್ರಿಕೆಯ ಪ್ರಥಮ ಸಂಚಿಕೆಯಲ್ಲಿ ಸೂಪರ್‌ಮ್ಯಾನನ ಜನ್ಮವೃತ್ತಾಂತಕ್ಕೆ ದೊರೆತ ಸ್ಥಳ ಒಂದೇ ಒಂದು ಪುಟ. ಮುಪ್ಪಡರಿ ನಾಶವಾಗುತ್ತಿದ್ದ ದೂರದ ಗ್ರಹವೊಂದರಿಂದ ವಿಜ್ಞಾನಿಯೊಬ್ಬನು ತನ್ನ ಶಿಶುವನ್ನು ನೌಕೆಯಲ್ಲಿಟ್ಟು ಭೂಮಿಗೆ ಕಳುಹಿದನೆಂದೂ, ಆ ಹಾದಿಯಾಗಿ ವಾಹನದಲ್ಲಿ ಹೋಗುತ್ತಿದ್ದವನೊಬ್ಬನು ಅದನ್ನು ಕಂಡು ಅನಾಥಾಲಯಕ್ಕೆ ಒಪ್ಪಿಸಿದನೆಂದೂ, ಬೆಳೆದು ದೊಡ್ಡವನಾದ ಬಾಲಕನು ತನ್ನ ಬಲವನ್ನು ಲೋಕಹಿತಕ್ಕೆ ಮುಡಿಪಾಗಿಡಲು ನಿಶ್ಚಯಿಸಿದನೆಂದೂ ಹೇಳಿ ಮುಗಿಸಿ, ಮರುಪುಟದಲ್ಲಿಯೇ ಕಥೆ ಸಾಹಸಕ್ಕೆ ಧುಮುಕುತ್ತದೆ. ಆ ಪುಟದಲ್ಲಿ ಗ್ರಹಕ್ಕೆ ಹೆಸರಿಲ್ಲ, ತಂದೆಗೆ ಹೆಸರಿಲ್ಲ, ಸಾಕಿ ಸಲಹಿದ ಕೆಂಟ್ ದಂಪತಿಗಳ ಸುಳಿವೇ ಇಲ್ಲ. ಕ್ರಿಪ್ಟಾನ್ ಎಂಬ ನಾಮಧೇಯವೂ ಸಾಕುತಂದೆತಾಯಿಯರೂ ಬಂದುದು ಮರುವರ್ಷ. ಕ್ಲೀವ್‌ಲ್ಯಾಂಡಿನ ತರುಣರಾದ ಜೆರಿ ಸೀಗಲ್ ಮತ್ತು ಜೋ ಶುಸ್ಟರ್ ಈ ಕಥೆಯನ್ನೂ ಅದರ ನಾಯಕನ ಸರ್ವಸ್ವಾಮ್ಯವನ್ನೂ ಪ್ರಕಾಶಕರಿಗೆ 130 ಡಾಲರುಗಳಿಗೆ ಮಾರಿದರು; ಅವರಿಗೆ ವರ್ಷಾಶನವೂ ಕೃತಿಯ ಮೇಲೆ ತಮ್ಮ ಹೆಸರೂ ಮರಳಿ ದೊರೆಯುವಷ್ಟರಲ್ಲಿ 1975 ಬಂದಿತ್ತು. ಅನ್ಯರ ಮೂಲವನ್ನು ಇಷ್ಟೊಂದು ಸೊಗಸಾಗಿ ಕಲ್ಪಿಸಿದವರಿಗೆ ತಮ್ಮ ಸೃಷ್ಟಿಯ ಮೂಲಪುರುಷರೆಂಬ ಮನ್ನಣೆ ಅಷ್ಟು ಕಾಲ ದೊರೆಯದೆ ಹೋದದ್ದು ಈ ಕ್ಷೇತ್ರದ ಇತಿಹಾಸದಲ್ಲಿ ಇಂದಿಗೂ ನೋಯಿಸುವ ಸಂಗತಿ.

ಆ ಕಾಲದ ಉಳಿದ ವೀರರ ಮೂಲಕಥೆಗಳೂ ಇಷ್ಟೇ ಹ್ರಸ್ವವಾದವು. ಬ್ಯಾಟ್‌ಮ್ಯಾನನು 1939ರ ಮೇ ತಿಂಗಳಲ್ಲಿ ಕಾಣಿಸಿಕೊಂಡನಾದರೂ, ಬಾಲ್ಯದಲ್ಲಿ ಕಣ್ಣೆದುರಿಗೇ ಹತರಾದ ತಂದೆತಾಯಿಯರ ವೃತ್ತಾಂತ ಆರು ತಿಂಗಳ ಬಳಿಕ, ಎರಡು ಪುಟಗಳಲ್ಲಿ, ಹಿಂದಿನಿಂದ ಬಂದು ಸೇರಿಕೊಂಡಿತು. ಕ್ಯಾಪ್ಟನ್ ಮಾರ್ವೆಲ್‌ನು ಸಾಲೊಮನ್, ಹರ್ಕ್ಯುಲೀಸ್ ಮೊದಲಾದ ಆರು ಪ್ರಾಚೀನರ ಹೆಸರಿನ ಆದ್ಯಕ್ಷರಗಳನ್ನು ಕೂಡಿಸಿದ ಮಂತ್ರದಿಂದ ಬಲಶಾಲಿಯಾದನು. ವಂಡರ್ ವುಮನ್ ಮಣ್ಣಿನ ಮೂರ್ತಿಯಾಗಿದ್ದು ದೇವತೆಗಳ ವರದಿಂದ ಜೀವ ತಳೆದಳು. ಗ್ರೀಕರ ಪುರಾಣವೂ ಹೀಬ್ರೂ ಗ್ರಂಥಗಳೂ ವಿಜ್ಞಾನದ ಅರೆಬರೆ ಕಲ್ಪನೆಗಳೂ ಭೇದವಿಲ್ಲದೆ ಇಲ್ಲಿ ಬೆರೆತುಹೋದುವು. ಮೂಲಕಥೆಯೆಂಬುದು ಆಗ ಸಾಹಸಕ್ಕೆ ಬೇಕಾದ ಅನುಜ್ಞಾಪತ್ರ. ಒಮ್ಮೆ ತೋರಿಸಿದ ಬಳಿಕ ಅದನ್ನು ಯಾರೂ ತಿರುಗಿ ಕೇಳುತ್ತಿರಲಿಲ್ಲ.

ಇಂಥ ಪ್ರಸ್ತಾವನೆಯು ಎಂಬತ್ತು ಚಿಲ್ಲರೆ ವರ್ಷಗಳಲ್ಲಿ ಆ ಸಾಹಿತ್ಯಪ್ರಕಾರದ ಹೃದಯಸ್ಥಾನವನ್ನೇ ಆಕ್ರಮಿಸಿಕೊಂಡುದೇಕೆ ಎಂದು ವಿಚಾರಿಸಿದರೆ, ಕಾರಣವು ಈ ಕಥೆಗಳ ಆರ್ಥಿಕ ರಚನೆಯಲ್ಲಿಯೇ ಅಡಗಿರುವುದು ತೋರುತ್ತದೆ. ನಾಯಕನು ಪ್ರಕಾಶನ ಸಂಸ್ಥೆಯ ಸೊತ್ತು. ತಿಂಗಳು ತಿಂಗಳೂ ಅವನು ಮಾರುಕಟ್ಟೆಗೆ ಬರಲೇಬೇಕು. ಆದುದರಿಂದ ಅವನು ಶಾಶ್ವತವಾಗಿ ಸಾಯಲಾರನು, ಮುಪ್ಪಾಗಲಾರನು, ತನ್ನ ಕಾರ್ಯವನ್ನು ಪೂರೈಸಿ ವಿಶ್ರಮಿಸಲಾರನು. ಅಂತ್ಯವು ನಿಷಿದ್ಧವಾದ ಕಥೆಯಲ್ಲಿ, ನಿಜವಾದ ಬದಲಾವಣೆಯನ್ನು ತರಬೇಕೆಂಬ ಆಸೆಯುಳ್ಳ ಲೇಖಕನಿಗೆ ಸ್ವತಂತ್ರವಾಗಿ ಉಳಿಯುವ ಭಾಗವೆಂದರೆ ಆರಂಭವೊಂದೇ. ನಾಯಕನ ಮೂಲವನ್ನು ಅಗೆಯತೊಡಗಿದವನು ಅವನ ಲೋಕದ ಮೂಲಕ್ಕೂ, ಅಲ್ಲಿಂದ ಸಮಸ್ತ ವಿಶ್ವದ ಮೂಲಕ್ಕೂ ಇಳಿಯದಿರುವುದು ಕಷ್ಟ. ಜನ್ಮವೃತ್ತಾಂತವೂ ವಿಶ್ವಪುರಾಣವೂ ಒಂದೇ ಸುರಂಗದ ಎರಡು ಆಳಗಳೆಂಬ ನಂಬುಗೆಯಿಂದಲೇ ಮುಂದಿನ ಮಾತುಗಳನ್ನು ಬರೆಯುತ್ತಿದ್ದೇನೆ.

ಈ ಇಳಿಯುವಿಕೆಯ ಮೊದಲ ಗುರುತು 1960ರ ದಶಕದ್ದು. 1961ರಲ್ಲಿ ಗಾರ್ಡ್ನರ್ ಫಾಕ್ಸ್ ಬರೆದ ಫ್ಲ್ಯಾಶ್ ಕಥೆಯೊಂದು, ಹಳೆಯ ತಲೆಮಾರಿನ ಫ್ಲ್ಯಾಶ್ ಇನ್ನೊಂದು ಭೂಮಿಯಲ್ಲಿ ವಾಸಿಸುತ್ತಿರುವನೆಂದು ಹೇಳಿ ಬಹುವಿಶ್ವದ ಬಾಗಿಲನ್ನು ತೆರೆಯಿತು. ನಾಲ್ಕು ವರ್ಷಗಳ ತರುವಾಯ ಗ್ರೀನ್ ಲ್ಯಾಂಟರ್ನ್ ಪತ್ರಿಕೆಯಲ್ಲಿ ಜಾನ್ ಬ್ರೂಮ್ ಬರೆದ ಕಥೆಯ ಕ್ರೋನ ಎಂಬ ವಿಜ್ಞಾನಿ, ವಿಶ್ವದ ಉತ್ಪತ್ತಿಯನ್ನು ಯಾರೂ ನೋಡಕೂಡದೆಂಬ ನಿಷೇಧವನ್ನು ಮೀರಿ ಯಂತ್ರವೊಂದನ್ನು ನಿರ್ಮಿಸುತ್ತಾನೆ. ಆದಿಯ ಅಂಧಕಾರದಲ್ಲಿ ನಕ್ಷತ್ರರಾಶಿಯನ್ನು ಹಿಡಿದ ಮಹಾಹಸ್ತವೊಂದು ಅವನಿಗೆ ಗೋಚರಿಸುತ್ತದೆ. ಆ ಕ್ಷಣವೇ ಯಂತ್ರ ಸಿಡಿದು ಜಗತ್ತಿನಲ್ಲಿ ಕೇಡು ಹರಡುತ್ತದೆ. ಬಾಲಕರಿಗಾಗಿ ಅಗ್ಗದ ಕಾಗದದ ಮೇಲೆ ಅಚ್ಚಾದ ಒಂದು ಕಥೆಯಲ್ಲಿ ಜಿಜ್ಞಾಸೆಯ ಪಾಪವನ್ನೂ ಸೃಷ್ಟಿಯ ರಹಸ್ಯವನ್ನೂ ಒಂದೇ ಚಿತ್ರದಲ್ಲಿ ಹಿಡಿದಿಟ್ಟುದು ಸಾಮಾನ್ಯ ಸಾಧನೆಯಲ್ಲ.

ಆದರೆ ಪುರಾಣಕರ್ತನೆಂಬ ಹೆಸರಿಗೆ ಪೂರ್ಣವಾಗಿ ಅರ್ಹನಾದವನು ಜ್ಯಾಕ್ ಕರ್ಬಿ. 1966ರಲ್ಲಿ ಸ್ಟ್ಯಾನ್ ಲೀಯವರೊಡನೆ ಅವನು ‘ಫೆಂಟಾಸ್ಟಿಕ್ ಫೋರ್’ ಪತ್ರಿಕೆಯಲ್ಲಿ ಚಿತ್ರಿಸಿದ ಗ್ಯಾಲಕ್ಟಸ್, ಗ್ರಹಗಳನ್ನು ಆಹಾರವಾಗಿ ಸೇವಿಸುವ, ದ್ವೇಷವಿಲ್ಲದೆಯೇ ಸಂಹರಿಸುವ ಮಹಾಸತ್ತ್ವ. ಅವನೆದುರಿಗೆ ಸಜ್ಜನ ದುರ್ಜನರೆಂಬ ಹಳೆಯ ಲೆಕ್ಕವೇ ನಿರುಪಯುಕ್ತವಾಗುತ್ತದೆ. ಬಳಿಕ ಅವನ ಮೂಲವನ್ನು ಹೇಳಿದಾಗ, ಅವನು ನಮ್ಮ ವಿಶ್ವಕ್ಕೆ ಹಿಂದಿನ ವಿಶ್ವದ ಪ್ರಳಯದಿಂದ ಉಳಿದುಬಂದವನೆಂದು ತಿಳಿಯುತ್ತದೆ. ಕಲ್ಪಾಂತರಗಳ ಭಾವನೆ ಪಾಶ್ಚಾತ್ಯ ಜನಪ್ರಿಯ ಕಥನದೊಳಗೆ ಇಷ್ಟು ನಿಸ್ಸಂಕೋಚವಾಗಿ ಪ್ರವೇಶಿಸಿದ ಬೇರೊಂದು ಸಂದರ್ಭ ನನಗೆ ತೋಚುತ್ತಿಲ್ಲ. ಮುಂದೆ ಮಾರ್ವೆಲ್ ಪ್ರಕಾಶನವನ್ನು ಬಿಟ್ಟು ಸೂಪರ್‌ಮ್ಯಾನನ ಪ್ರಕಾಶಕರಾದ ಡಿಸಿ ಸಂಸ್ಥೆಗೆ ಹೋದ ಕರ್ಬಿ, 1970ರಿಂದ ಮೂರು ನಾಲ್ಕು ವರ್ಷ ‘ನ್ಯೂ ಗಾಡ್ಸ್’ ಮೊದಲಾದ ಪತ್ರಿಕೆಗಳಲ್ಲಿ, ಹಳೆಯ ದೇವರುಗಳು ಯುದ್ಧದಲ್ಲಿ ಮಡಿದ ಅನಂತರ ಹುಟ್ಟಿದ ಎರಡು ಲೋಕಗಳ ಕಥೆಯನ್ನು ಹೆಣೆದನು. ನ್ಯೂ ಜೆನೆಸಿಸ್‌ನ ಹೈಫಾದರನೂ ಅಪೋಕೊಲಿಪ್ಸ್‌ನ ಡಾರ್ಕ್‌ಸೀಡನೂ ಸಂಧಿಗಾಗಿ ತಮ್ಮ ಮಕ್ಕಳನ್ನು ವಿನಿಮಯ ಮಾಡಿಕೊಳ್ಳುತ್ತಾರೆ. ನರಕದಲ್ಲಿ ಬೆಳೆದ ಸಾತ್ತ್ವಿಕನ ಮಗನು ಬಂಧನದಿಂದ ಬಿಡಿಸಿಕೊಳ್ಳುವ ಕಲೆಯಲ್ಲಿ ನಿಪುಣನಾಗುತ್ತಾನೆ, ಸ್ವರ್ಗದಲ್ಲಿ ಬೆಳೆದ ದುಷ್ಟನ ಮಗನು ತನ್ನೊಳಗಿನ ಕ್ರೋಧದೊಡನೆ ಜೀವಮಾನವಿಡೀ ಸೆಣಸುತ್ತಾನೆ. ಜನ್ಮವೋ ಸಂಸ್ಕಾರವೋ ಎಂಬ ಪುರಾತನ ಪ್ರಶ್ನೆಯನ್ನು ಎರಡು ಜನ್ಮವೃತ್ತಾಂತಗಳ ಅಡ್ಡಹೆಣಿಗೆಯಿಂದ ಕೇಳಿದ ಈ ಕಲ್ಪನೆಯೇ ಆ ಕಾವ್ಯದ ಶಿಖರ. ಅದು ಸಾಕಷ್ಟು ಮಾರಾಟವಾಗದೆ ಅರ್ಧಕ್ಕೆ ನಿಂತಿತು. ಆದರೂ ಮುಂದಿನವರೆಲ್ಲರೂ ಆ ಅರ್ಧದಿಂದಲೇ ಕಡ ಪಡೆದರು.

ಕಥೆಗಳು ಹೆಚ್ಚಿದಂತೆ ಪರಸ್ಪರ ವಿರೋಧಗಳೂ ಹೆಚ್ಚಿದುವು. 1985ರಲ್ಲಿ ಮಾರ್ವ್ ವುಲ್ಫ್‌ಮನ್ ಮತ್ತು ಜಾರ್ಜ್ ಪೆರೆಜ್ ಹನ್ನೆರಡು ಸಂಚಿಕೆಗಳ ‘ಕ್ರೈಸಿಸ್ ಆನ್ ಇನ್‌ಫಿನಿಟ್ ಅರ್ಥ್ಸ್’ನಲ್ಲಿ ಅಸಂಖ್ಯ ಭೂಮಿಗಳನ್ನು ಪ್ರಳಯಕ್ಕೆ ಒಡ್ಡಿ ಒಂದನ್ನೇ ಉಳಿಸಿದಾಗ, ವಿಶ್ವ ಒಡೆದು ಬಹುವಾದುದಕ್ಕೆ ಕೊಟ್ಟ ಕಾರಣ ಕ್ರೋನನ ಅದೇ ಅಪರಾಧ. ಸಂಪಾದಕರ ಕಡತಗಳ ಗೊಂದಲವನ್ನು ತೀರಿಸುವುದಕ್ಕೆ ಸೃಷ್ಟಿಪ್ರಳಯಗಳನ್ನೇ ಬಳಸಿದ ಈ ಉಪಾಯ ಅಲ್ಲಿಂದಾಚೆಗೆ ಪದ್ಧತಿಯಾಯಿತು. ಶುಚಿಗೊಳಿಸಿದ ಅಂಗಳದಲ್ಲಿ ಜಾನ್ ಬರ್ನ್ 1986ರಲ್ಲಿ ಸೂಪರ್‌ಮ್ಯಾನನ ಮೂಲವನ್ನು ಹೊಸದಾಗಿ ಬರೆದನು. ಅವನ ಕ್ರಿಪ್ಟಾನ್ ಸ್ಪರ್ಶವಿಲ್ಲದ, ಪ್ರೀತಿ ಹೆಪ್ಪುಗಟ್ಟಿದ ಲೋಕ; ಸಾಕುತಂದೆತಾಯಿಯರು ಮಗನ ಪ್ರೌಢಕಾಲದಲ್ಲಿಯೂ ಜೀವಂತರು; ಹೀಗಾಗಿ ಮಾನವತ್ವವು ಅವನಿಗೆ ವೇಷವಾಗಿ ಉಳಿಯದೆ ಸ್ವಭಾವವಾಯಿತು. ಮರುವರ್ಷ ಫ್ರ್ಯಾಂಕ್ ಮಿಲ್ಲರ್ ಮತ್ತು ಡೇವಿಡ್ ಮಾಜ್ಜುಕೆಲ್ಲಿ ರಚಿಸಿದ ಬ್ಯಾಟ್‌ಮ್ಯಾನನ ಕಥೆ ‘ಇಯರ್ ಒನ್’, ಅವನ ತಂದೆತಾಯಿಯರ ಕೊಲೆಯಾದ ರಾತ್ರಿಯನ್ನು ಹಿನ್ನೆಲೆಗೆ ಸರಿಸಿ, ಎಡವುತ್ತ ಕಲಿಯುವ ವರ್ಷವೊಂದನ್ನು ಮೂಲಕಥೆಯಾಗಿ ಮಾಡಿ, ಗಾರ್ಡನ್ ಎಂಬ ಪೊಲೀಸ್ ಅಧಿಕಾರಿಗೂ ನಾಯಕನ ಸಮಾನ ಸ್ಥಾನವನ್ನಿತ್ತಿತು.

ಇವೆಲ್ಲಕ್ಕೂ ಮುಂಚೆ, 1984ರ ಫೆಬ್ರವರಿಯಲ್ಲಿಯೇ, ಇಂಗ್ಲೆಂಡಿನ ಆಲನ್ ಮೂರ್ ‘ಸ್ವಾಂಪ್ ಥಿಂಗ್’ ಪತ್ರಿಕೆಯ ಒಂದು ಸಂಚಿಕೆಯಲ್ಲಿ ಸಾಧಿಸಿದ್ದು ನನ್ನ ಎಣಿಕೆಯಲ್ಲಿ ಈ ಕಲೆಯ ಪರಮಾವಧಿ. ಪ್ರಯೋಗಶಾಲೆಯ ಸ್ಫೋಟದಲ್ಲಿ ಸುಟ್ಟು ಜೌಗುನೆಲದಲ್ಲಿ ಬಿದ್ದ ಆಲೆಕ್ ಹಾಲಂಡ್ ಎಂಬ ವಿಜ್ಞಾನಿ ಸಸ್ಯರೂಪದ ದೈತ್ಯನಾದನೆಂದೂ, ಮರಳಿ ಮನುಷ್ಯನಾಗಲು ಹಂಬಲಿಸುತ್ತಿರುವನೆಂದೂ ಓದುಗರು ಹನ್ನೆರಡು ವರ್ಷಗಳಿಂದ ನಂಬಿದ್ದರು. ಮೂರ್ ಆ ಘಟನೆಗಳಲ್ಲಿ ಒಂದನ್ನೂ ಬದಲಿಸಲಿಲ್ಲ. ಶವಪರೀಕ್ಷೆ ಮಾಡುವ ವಿಜ್ಞಾನಿಯೊಬ್ಬನ ಬಾಯಿಂದ, ಈ ದೇಹದ ಶ್ವಾಸಕೋಶ ಉಸಿರಾಡುವುದಿಲ್ಲ, ಮೆದುಳು ಯೋಚಿಸುವುದಿಲ್ಲ, ಇವೆಲ್ಲ ಸಸ್ಯವು ನೆನಪಿನಿಂದ ಕಟ್ಟಿಕೊಂಡ ಪ್ರತಿಕೃತಿಗಳು ಎಂದು ಹೇಳಿಸಿದನು. ಹಾಲಂಡ್ ಅಂದೇ ಸತ್ತಿದ್ದನು, ಉಳಿದಿರುವುದು ತಾನೇ ಹಾಲಂಡ್ ಎಂದು ಭ್ರಮಿಸಿದ ಜೌಗಿನ ಹಸುರು. ಮರಳಿ ಪಡೆಯಬೇಕಾದ ಮಾನವತ್ವ ಎಂದೂ ಇರಲೇ ಇಲ್ಲವೆಂಬ ಅರಿವಿನ ಮುಂದೆ ಹಳೆಯ ಸಂಚಿಕೆಗಳೆಲ್ಲವೂ ಒಮ್ಮೆಗೇ ಬೇರೆ ಅರ್ಥವನ್ನು ತಾಳಿದುವು. ಅಷ್ಟಕ್ಕೇ ನಿಲ್ಲದೆ, ಭೂಮಿಯ ಆದಿಯಿಂದಲೂ ಇಂಥ ಹಸುರು ಜೀವಿಗಳ ಪರಂಪರೆಯೊಂದು ನಡೆದು ಬಂದಿರುವುದೆಂದು ಕಲ್ಪಿಸಿ, 1971ರ ಮೊದಲ ಕಥೆಯಲ್ಲಿ ಬೇರೊಂದು ಹೆಸರಿನಿಂದ ಬಂದಿದ್ದ ಹಳೆಯ ಸ್ವಾಂಪ್ ಥಿಂಗನ್ನೂ ಆ ವಂಶಾವಳಿಯಲ್ಲಿ ಗೌರವದಿಂದ ಕುಳ್ಳಿರಿಸಿದನು. ಎಲ್ಲರೂ ಬಲ್ಲ ಕಥೆಯ ಅಸ್ಥಿಪಂಜರವನ್ನು ಮುಟ್ಟದೆ ಅದರ ಪ್ರಾಣವನ್ನು ಬದಲಿಸುವ ಈ ವಿದ್ಯೆ, ನಾಗಚಂದ್ರನ ರಾವಣನನ್ನು ಕಂಡ ಕನ್ನಡ ಓದುಗನಿಗೆ ಅಪರಿಚಿತವೆನಿಸಲಾರದು.

ಮೂರ್‌ನ ಯಶಸ್ಸು ದುರ್ಬಲ ಅನುಕರಣೆಗಳನ್ನೂ ಹೆತ್ತಿತು. ಬರ್ನ್‌ನ ಬಳಿಕ 2003ರಲ್ಲೊಮ್ಮೆ, 2009ರಲ್ಲೊಮ್ಮೆ ಸೂಪರ್‌ಮ್ಯಾನನ ಬಾಲ್ಯವನ್ನು ಸಂಪೂರ್ಣವಾಗಿ ಪುನಃ ಹೇಳಲಾಯಿತು. 1962ರಲ್ಲಿ ಹನ್ನೊಂದು ಪುಟಗಳಲ್ಲಿ ಮುಗಿದಿದ್ದ ಸ್ಪೈಡರ್‌ಮ್ಯಾನನ ಮೂಲಕಥೆ 2000ದಲ್ಲಿ ಏಳು ಸಂಚಿಕೆಗಳಿಗೆ ಹಿಗ್ಗಿತು. ವಿವರ ಹೆಚ್ಚಿದ ಮಾತ್ರಕ್ಕೆ ಅರ್ಥ ಹೆಚ್ಚುವುದಿಲ್ಲವೆಂಬುದನ್ನು ಸ್ಕಾಟ್ಲೆಂಡಿನ ಗ್ರಾಂಟ್ ಮಾರಿಸನ್ ಚೆನ್ನಾಗಿ ಅರಿತಿದ್ದರು. 2005ರಲ್ಲಿ ಫ್ರ್ಯಾಂಕ್ ಕ್ವೈಟ್ಲಿಯವರ ಚಿತ್ರಗಳೊಡನೆ ಆರಂಭವಾದ ‘ಆಲ್-ಸ್ಟಾರ್ ಸೂಪರ್‌ಮ್ಯಾನ್’ ಕೃತಿಯ ಮೊದಲ ಪುಟದಲ್ಲಿ ಅವರು ಇಡೀ ಜನ್ಮವೃತ್ತಾಂತವನ್ನು ನಾಲ್ಕು ಚಿತ್ರ ಹಾಗೂ ಎಂಟು ಪದಗಳಲ್ಲಿ ಹೇಳಿ, ಪುರಾಣವಾಗಿಬಿಟ್ಟ ಕಥೆಗೆ ಸ್ಮರಣೆಯೇ ಸಾಕು, ನಿರೂಪಣೆ ಬೇಕಿಲ್ಲವೆಂದು ಸಾಧಿಸಿ ತೋರಿಸಿದರು.

ಇವರೇ ಮುಂದೆ ಚಿತ್ರಕಾರ ಮುಕೇಶ್ ಸಿಂಗ್ ಅವರೊಡನೆ ‘18 ಡೇಸ್’ ಎಂಬ ಹೆಸರಿನಲ್ಲಿ ಕುರುಕ್ಷೇತ್ರವನ್ನು ಕಾಮಿಕ್ಸ್‌ನ ವೈಶ್ವಿಕ ಭಾಷೆಗೆ ತಂದುದನ್ನು ಇಲ್ಲಿ ನೆನೆಯಬೇಕು. ಅದಕ್ಕೆ ಮೊದಲು, 2004ರಲ್ಲಿ, ಜೀವನ್ ಕಾಂಗ್ ಚಿತ್ರಿಸಿದ ‘ಸ್ಪೈಡರ್‌ಮ್ಯಾನ್: ಇಂಡಿಯಾ’ದಲ್ಲಿ ಪವಿತ್ರ್ ಪ್ರಭಾಕರ್ ಎಂಬ ಹುಡುಗನಿಗೆ ಶಕ್ತಿ ಬಂದುದು ವಿಕಿರಣದ ಜೇಡದಿಂದಲ್ಲ, ಯೋಗಿಯೊಬ್ಬನ ಅನುಗ್ರಹದಿಂದ. ಸ್ಥಳಾಂತರದ ಆ ಪ್ರಯತ್ನ ಪ್ರಾಮಾಣಿಕವಾದುದು. ಆದರೆ ಅಪಘಾತದಿಂದ ಬಂದ ಶಕ್ತಿಗೆ ಹೊಣೆಗಾರಿಕೆಯನ್ನು ತಾನೇ ಹುಡುಕಿಕೊಳ್ಳಬೇಕಾದ ಹುಡುಗನ ಸಂಕಟ, ವರದ ರೂಪದಲ್ಲಿ ಬಂದಾಗ ತುಸು ತೆಳುವಾಗುತ್ತದೆಯೆಂದೇ ನನಗೆ ತೋರಿದೆ.

ಇತ್ತೀಚಿನ ವರ್ಷಗಳಲ್ಲಿ ಮೂರ್‌ನ ಮಾರ್ಗವನ್ನು ಅತ್ಯಂತ ಆಳಕ್ಕೆ ಒಯ್ದವನು ಆಲ್ ಯೂಯಿಂಗ್. 2018ರಿಂದ 2021ರ ತನಕ ಐವತ್ತು ಸಂಚಿಕೆಗಳಲ್ಲಿ ಹರಡಿದ ‘ಇಮ್ಮಾರ್ಟಲ್ ಹಲ್ಕ್’, ವಿಜ್ಞಾನಿ ಬ್ಯಾನರನು ಹಲ್ಕ್ ಆಗಿ ಮಾರ್ಪಟ್ಟ 1962ರ ಗ್ಯಾಮಾ ಬಾಂಬಿನ ಕಥೆಯನ್ನು ಹಾಗೆಯೇ ಒಪ್ಪಿಕೊಂಡು ಪ್ರಶ್ನೆಯೊಂದನ್ನು ಮಾತ್ರ ಕೇಳುತ್ತದೆ: ಆ ಸ್ಫೋಟದಲ್ಲಿ ಬ್ಯಾನರ್ ಸಾಯಬೇಕಾಗಿತ್ತಲ್ಲವೆ? ಅವನು ಸತ್ತೇ ಇದ್ದನು, ಸಾವಿನ ಹಸುರು ಬಾಗಿಲಿನಿಂದ ಮರಳಿ ಬಂದನು ಎಂಬ ಉತ್ತರದಿಂದ ವಿಕಿರಣಶಾಸ್ತ್ರವು ಭಯಾನಕ ತತ್ತ್ವಶಾಸ್ತ್ರವಾಗಿ ಪರಿಣಮಿಸುತ್ತದೆ. ತಂದೆಯ ಹೊಡೆತಗಳನ್ನು ತಿಂದು ಬೆಳೆದ ಬಾಲಕನ ಕ್ರೋಧವೂ ವಿಶ್ವದ ಅಡಿಯಲ್ಲಿರುವ ಸಂಹಾರಕ ಸತ್ತ್ವವೂ ಯಹೂದ್ಯರ ಕಬ್ಬಾಲಾ ದರ್ಶನದ ಛಾಯೆಯಲ್ಲಿ ಕ್ರಮೇಣ ಸಮೀಪಿಸಿ, ಬ್ಯಾನರನಿಗೆ ಹಲ್ಕ್ ಇರುವಂತೆಯೇ ಪರಮಾತ್ಮನಿಗೂ ಒಂದು ರೋಷರೂಪವಿದೆಯೆಂಬ ಕೊನೆಯ ದರ್ಶನದಲ್ಲಿ ಕೂಡುತ್ತವೆ. ಅದೇ ಮಾರ್ವೆಲ್ ಲೋಕದಲ್ಲಿ, 2004ರ ‘ಫೆಂಟಾಸ್ಟಿಕ್ ಫೋರ್’ ಕಥೆಯೊಂದರಲ್ಲಿ ಸ್ವರ್ಗಕ್ಕೆ ಹೋದ ನಾಯಕರಿಗೆ ದೇವರು ಚಿತ್ರ ಬರೆಯುವ ಮೇಜಿನ ಮುಂದೆ ಕುಳಿತ ಜ್ಯಾಕ್ ಕರ್ಬಿಯ ರೂಪದಲ್ಲಿ ದರ್ಶನವಿತ್ತದ್ದನ್ನು ಬಲ್ಲವರಿಗೆ, ಈ ಪುರಾಣ ತನ್ನ ಕವಿಗಳನ್ನು ಎಷ್ಟು ಪ್ರೀತಿಯಿಂದ ಒಳಗೆ ತಂದುಕೊಂಡಿದೆಯೆಂಬುದು ತಿಳಿದೀತು.

ಜೋನಥನ್ ಹಿಕ್‌ಮನ್ 2019ರಲ್ಲಿ, 1975ರಿಂದ ಸಾಮಾನ್ಯ ಸ್ತ್ರೀಯಾಗಿಯೇ ಪರಿಚಿತಳಾಗಿದ್ದ ಮೊಯ್ರಾ ಎಂಬ ವಿಜ್ಞಾನಿ ಸತ್ತು ಸತ್ತು ಮರಳಿ ಅದೇ ಜನ್ಮವನ್ನು ಆರಂಭಿಸುವವಳೆಂದು ಹೇಳಿ ಎಕ್ಸ್-ಮೆನ್‌ನ ಸಮಗ್ರ ಚರಿತ್ರೆಯನ್ನು ಮರುನೇಯ್ದದ್ದೂ ಇದೇ ಜಾತಿಯ ಕಾರ್ಯ. ಸ್ಕಾಟ್ ಸ್ನೈಡರ್‌ನ 2017ರ ‘ಮೆಟಲ್’ ಮತ್ತು ಅದರ ಮುಂದುವರಿಕೆಗಳು ವಿಶ್ವಕ್ಕೆ ಅಂಧಕಾರದ ಅಡಿವಿಶ್ವವನ್ನೂ ಬಹುವಿಶ್ವಕ್ಕೆ ಒಬ್ಬ ಮಾತೆಯನ್ನೂ ಕಲ್ಪಿಸಿದುವು. ಅವುಗಳ ಉತ್ಸಾಹ ದೊಡ್ಡದಾದರೂ, ಮೇಲೊಂದು ದೇವರನ್ನಿಟ್ಟು ಅದರ ಮೇಲೆ ಇನ್ನೊಂದನ್ನಿಡುವ ಈ ಏಣಿಯಲ್ಲಿ ವಿಸ್ಮಯ ಬೇಗನೆ ಬಳಲುತ್ತದೆ. ಕರ್ಬಿಯ ಒಬ್ಬ ಗ್ಯಾಲಕ್ಟಸ್ ನೀಡಿದ ನಡುಕವನ್ನು ಹತ್ತು ಮಹಾದೇವತೆಗಳು ಕೂಡಿಯೂ ನೀಡಲಾರರು.

ಆ ಸ್ನೈಡರನೇ 2024ರ ಅಕ್ಟೋಬರಿನಲ್ಲಿ ನಿಕ್ ಡ್ರಗೊಟ್ಟ ಅವರೊಡನೆ ಆರಂಭಿಸಿದ ‘ಆಬ್ಸಲ್ಯೂಟ್ ಬ್ಯಾಟ್‌ಮ್ಯಾನ್’ನಲ್ಲಿ ವೈಶ್ವಿಕ ಕಲ್ಪನೆಯನ್ನು ಮಿತವಾಗಿ ಬಳಸಿ ಬಹಳ ಗಳಿಸಿದ್ದಾನೆ. ಡಾರ್ಕ್‌ಸೀಡನ ಶಕ್ತಿಯಿಂದ ರೂಪುಗೊಂಡ ಒಂದು ವಿಶ್ವದಲ್ಲಿ ವೀರರಿಗೆ ಹಿಂದಿದ್ದ ಆಸರೆಗಳಾವುವೂ ದೊರೆಯುವುದಿಲ್ಲ: ಬ್ರೂಸ್ ವೇನ್‌ಗೆ ಸಂಪತ್ತಿಲ್ಲ, ಆದರೆ ತಾಯಿ ಬದುಕಿದ್ದಾಳೆ, ಕ್ರಿಪ್ಟಾನ್ ಶ್ರೇಣೀಕೃತ ಸಮಾಜವಾಗಿದ್ದು ಸೂಪರ್‌ಮ್ಯಾನನ ಹೆತ್ತವರು ಶ್ರಮಜೀವಿಗಳು, ವಂಡರ್ ವುಮನ್ ದ್ವೀಪದಿಂದ ದೂರ, ನರಕದಲ್ಲಿ, ಸರ್ಸಿ ಎಂಬ ಮಾಟಗಾತಿಯ ಮಡಿಲಲ್ಲಿ ಬೆಳೆದವಳು. ಅದೇ ವರ್ಷದ ಜನವರಿಯಲ್ಲಿ ಹಿಕ್‌ಮನ್ ಮತ್ತು ಮಾರ್ಕೊ ಕೆಕೆಟ್ಟೊ ಆರಂಭಿಸಿದ ‘ಅಲ್ಟಿಮೇಟ್ ಸ್ಪೈಡರ್‌ಮ್ಯಾನ್’ ಇನ್ನೂ ಮುಂದೆ ಹೋಗಿ, ಮೂಲಕಥೆಯನ್ನೇ ಖಳನು ಕದ್ದ ಲೋಕವನ್ನು ಚಿತ್ರಿಸುತ್ತದೆ. ಹದಿಹರೆಯದಲ್ಲಿ ಕಚ್ಚಬೇಕಾಗಿದ್ದ ಜೇಡ ಪೀಟರ್ ಪಾರ್ಕರನನ್ನು ಕಚ್ಚಲಿಲ್ಲ. ಮೂಲಕಥೆಯಲ್ಲಿ ಸಾಯುವ ಅಂಕಲ್ ಬೆನ್ ಇಲ್ಲಿ ಜೀವಂತನಾಗಿದ್ದಾನೆ. ಹೆಂಡತಿಯೂ ಇಬ್ಬರು ಮಕ್ಕಳೂ ಉಳ್ಳ ಗೃಹಸ್ಥನಾಗಿ, ಏನೋ ತಪ್ಪಿಹೋಗಿದೆಯೆಂಬ ಅಸ್ಪಷ್ಟ ವೇದನೆಯಿಂದ ಅವನು ಬದುಕುತ್ತಿದ್ದಾನೆ. ಒಂದು ದಿನ ಆ ಜೇಡ ಪೆಟ್ಟಿಗೆಯೊಂದರಲ್ಲಿ ಅವನ ಬಳಿಗೆ ಬರುತ್ತದೆ. ಅರುವತ್ತು ವರ್ಷಗಳ ಕಾಲ ಆಕಸ್ಮಿಕವಾಗಿದ್ದ ಕಡಿತವನ್ನು, ತಾನು ಕಳೆದುಕೊಳ್ಳಬಹುದಾದುದೇನೆಂಬುದನ್ನು ಬಲ್ಲ ಗೃಹಸ್ಥನೊಬ್ಬನು ಇಲ್ಲಿ ತಾನಾಗಿ ಕೈಚಾಚಿ ಸ್ವೀಕರಿಸುತ್ತಾನೆ.