ಮಳವಳ್ಳಿಯ ಮಾರ್ಗ, ಫ್ರೆಂಚರ ಕೊಡಲಿ

ಮಂಡ್ಯ, ಮದ್ದೂರು, ಮಳವಳ್ಳಿಗಳ ಸೀಮೆಯಲ್ಲಿ ಹಳೆಯ ಆಯುಧವೊಂದು ದೊರೆತರೆ ಅದನ್ನು ಟಿಪ್ಪು ಸುಲ್ತಾನನ ಕಾಲದ್ದೆಂದು ಹೇಳಿಬಿಡುವುದು ವಾಡಿಕೆ. ಅದರ ಆಕಾರ ಕೊಂಚ ವಿಲಕ್ಷಣವಾಗಿದ್ದರೆ ಫ್ರೆಂಚರದೆನ್ನುವುದೂ ಉಂಟು. ಈ ಮಾತನ್ನು ಸುಳ್ಳೆಂದು ತಳ್ಳತಕ್ಕದ್ದಲ್ಲ. ಪರೀಕ್ಷಿಸದೆ ಒಪ್ಪತಕ್ಕದ್ದೂ ಅಲ್ಲ. ಪರೀಕ್ಷೆಯ ಬಗೆ ಯಾವುದೆಂಬುದನ್ನು, ಕೊಡಲಿಯೊಂದನ್ನೇ ನಿದರ್ಶನವಾಗಿಟ್ಟುಕೊಂಡು, ನಾವು ಈಗ ವಿಚಾರಮಾಡೋಣ.

ಶತ್ರುವಿನ ಹಡಗನ್ನು ಏರಿ ಹೋಗುವಾಗ ಫ್ರೆಂಚ್ ನಾವಿಕರು ಹಿಡಿಯುತ್ತಿದ್ದ ಕೊಡಲಿಯೊಂದುಂಟು. ಒಂದು ಕಡೆ ಅಗಲವಾದ ಅಲಗು, ಅದರ ಹಿಂಬದಿಗೆ ಚೂಪಾದ ಮುಳ್ಳು. ತಲೆ ಕಳಚದಂತೆ ಮರದ ಕಾವಿನ ಮೇಲೆ ಇಳಿದ ಕಬ್ಬಿಣದ ಪಟ್ಟಿಗಳು. ನಡುಪಟ್ಟಿಗೆ ಸಿಕ್ಕಿಸಲು ಒಂದು ಕೊಕ್ಕೆ. ಹಗ್ಗಗಳನ್ನು ಕಡಿಯುವುದಕ್ಕೂ ಬೆಂಕಿ ಬಿದ್ದ ಮರವನ್ನು ಕಿತ್ತೆಸೆಯುವುದಕ್ಕೂ ಇದು ಒದಗುತ್ತಿತ್ತು. ಸಮುದ್ರದ ಗಾಳಿಯೇ ಸೋಕದ ಮಳವಳ್ಳಿಗೆ ಇಂತಹ ವಸ್ತು ಬರುವುದು ಸಾಧ್ಯವೆ?

ಇತಿಹಾಸದಲ್ಲಿ ಅದಕ್ಕೊಂದು ದಾರಿ ಕಾಣುತ್ತದೆ. 1798ರ ಏಪ್ರಿಲ್ ತಿಂಗಳಲ್ಲಿ ‘ಪ್ರೆನ್ಯೂಜ್’ ಎಂಬ ಫ್ರೆಂಚ್ ಯುದ್ಧನೌಕೆ ಮಾರಿಷಸ್ ದ್ವೀಪದಿಂದ ಮಂಗಳೂರಿಗೆ ಬಂದು, ಟಿಪ್ಪುವಿನ ನೆರವಿಗೆಂದು ಸುಮಾರು ನೂರು ಮಂದಿಯನ್ನು ಇಳಿಸಿತು. ಅವರಲ್ಲಿ ನೌಕಾಧಿಕಾರಿಗಳೂ ಹಡಗು ಕಟ್ಟುವ ಕುಶಲಿಗಳೂ ಇದ್ದರು. ಮರುವರ್ಷ ಜನರಲ್ ಹ್ಯಾರಿಸನ ದಂಡು ಮದ್ದೂರಿನ ಹೊಳೆಯನ್ನು ದಾಟಿತು; ಮಾರ್ಚ್ 27ರಂದು ಮಳವಳ್ಳಿಯ ಬಳಿ ಯುದ್ಧವಾಯಿತು; ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ಅಲ್ಲಿಯ ಆಯುಧಗಳು ಗೆದ್ದವರಲ್ಲಿ ಹಂಚಿಹೋಗಿ ನಾನಾ ದಿಕ್ಕಿಗೆ ಚದರಿದುವು.

ಇಷ್ಟರಿಂದ ಸಂಭವವೇನೋ ತೋರಿತು. ಆದರೆ ಸಂಭವವು ಪ್ರಮಾಣವಲ್ಲ. ಇನ್ನು ಹಳೆಯ ಗ್ರಂಥಗಳನ್ನು ಕೇಳಬೇಕು. ದಂಡಿನ ಸರ್ವೇಯರ್ ಜನರಲ್ ಆಗಿದ್ದ ಬೀಟ್ಸನ್ನನು 1800ರಲ್ಲಿ ಈ ಯುದ್ಧದ ವೃತ್ತಾಂತವನ್ನು ಪ್ರಕಟಿಸಿದನು. ಅದರಲ್ಲಿ ನಮ್ಮ ಮಳವಳ್ಳಿಯು ‘ಮಲ್ಲವೆಲ್ಲಿ’ ಎಂದಾಗಿದೆ. ಈ ರೂಪಾಂತರವನ್ನರಿಯದೆ ಹುಡುಕಿದವನಿಗೆ ಊರೇ ಸಿಕ್ಕದು. ಮಂಡ್ಯ ಜಿಲ್ಲೆ ಏರ್ಪಟ್ಟುದು 1939ರಲ್ಲಿ. ಆದಕಾರಣ ಅದಕ್ಕೆ ಹಿಂದಿನ ಗೆಜೆಟಿಯರುಗಳಲ್ಲಿ ಈ ಊರುಗಳನ್ನು ಮೈಸೂರು ಜಿಲ್ಲೆಯಡಿಯಲ್ಲಿ ನೋಡಬೇಕು. ಆಯುಧಗಳ ವಿಷಯಕ್ಕೆ 1880ರಲ್ಲಿ ಹೊರಟ ಎಗರ್ಟನ್ನನ ಗ್ರಂಥ ಪ್ರಸಿದ್ಧವಾದುದು. ಆದರೆ ಅದು ಮುಖ್ಯವಾಗಿ ಲಂಡನ್ನಿನ ಇಂಡಿಯಾ ಮ್ಯೂಸಿಯಮ್ಮಿಗೆ ಸೇರಿದ ವಸ್ತುಗಳ ವಿವರಣೆ. ಹಳ್ಳಿಯ ಅಟ್ಟದಲ್ಲಿ ಉಳಿದುದನ್ನು ಅದು ಕಂಡಿಲ್ಲ. ಒಂದೊಂದು ಗ್ರಂಥವೂ ಒಂದೊಂದು ಕಿಟಕಿ. ಕಿಟಕಿಯಲ್ಲಿ ಕಾಣದ್ದು ಹೊರಗೆ ಇಲ್ಲವೆನ್ನಲಾಗದು.

ಮುಂದೆ ಎರಡು ಎಚ್ಚರಿಕೆಗಳಿವೆ. ಮೊದಲನೆಯದು ಕಾಲದ್ದು. ಫ್ರೆಂಚ್ ನೌಕಾ ಕೊಡಲಿಗಳಲ್ಲಿ ಹೆಸರಾದ ಮಾದರಿ 1833ರದು. ಕೊಡಲಿಯೊಂದು ಆ ಮಾದರಿಯನ್ನು ಸರ್ವಾಂಶದಲ್ಲಿಯೂ ಹೋಲಿದರೆ, ಅದು ಮಳವಳ್ಳಿಯ ಯುದ್ಧವನ್ನು ಕಂಡಿರಲಾರದು. ಆ ವೇಳೆಗೆ ಟಿಪ್ಪು ಮಡಿದು 34 ವರ್ಷಗಳಾಗಿದ್ದುವು. ಹೋಲಿಕೆ ಹೆಚ್ಚಿದಷ್ಟೂ ಕಥೆ ಕುಸಿಯುವ ವಿಚಿತ್ರವಿದು. ಎರಡನೆಯದು ಆಕಾರದ್ದು. ಅಲಗಿನ ಹಿಂದೆ ಮುಳ್ಳುಳ್ಳ ಗಂಡುಗೊಡಲಿಗಳು ನಮ್ಮ ದೇಶದಲ್ಲಿಯೂ ಇದ್ದುವು. ಸಂಸ್ಥಾನದಲ್ಲಿ ಕಬ್ಬಿಣ ಕರಗಿಸುತ್ತಿದ್ದ ತಾಲ್ಲೂಕುಗಳ ಸಾಲಿನಲ್ಲಿ ಮಳವಳ್ಳಿಯೂ ಸೇರಿತ್ತು. ಹೀಗಿರಲಾಗಿ ಇಲ್ಲಿಯ ಕಮ್ಮಾರನು ಇಂತಹ ಕೊಡಲಿಯನ್ನು ಮಾಡಲಾರನೆಂದು ಭಾವಿಸಲು ಏನು ಕಾರಣ?

ಆದುದರಿಂದ ನಿರ್ಣಯಕ್ಕೆ ಬೇಕಾದುವು ಮೂರು: ಅಳತೆ, ಮುದ್ರೆ, ಸಿಕ್ಕಿದ ಸ್ಥಳ. ಇವುಗಳಲ್ಲಿ ಕಡೆಯದೇ ಬಲವಾದುದು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ ಪಾಳುಬಾವಿಯೊಂದರಿಂದ ಸಾವಿರಕ್ಕೂ ಮಿಗಿಲಾಗಿ ಯುದ್ಧದ ಬಾಣಬಿರುಸುಗಳು ಹೊರಬಂದುವು. ಬಾವಿಯಲ್ಲಿ ಒಟ್ಟಾಗಿ ದೊರೆತುದರಿಂದಲೇ ಅವುಗಳ ಸಾಕ್ಷ್ಯಕ್ಕೆ ಅಷ್ಟು ತೂಕ. ಅವನ್ನೇ ಒಂದೊಂದಾಗಿ ಸಂತೆಯಲ್ಲಿ ಮಾರಿದ್ದರೆ ಬರಿಯ ತುಕ್ಕುಗಬ್ಬಿಣವೆನಿಸುತ್ತಿದ್ದುವು.

ಮನೆಯಲ್ಲಿ ಹಳೆಯ ಕೊಡಲಿಯುಳ್ಳವರು ಅದನ್ನು ಇಟ್ಟಿಗೆಪುಡಿಯಿಂದ ಉಜ್ಜಿ ಹೊಳೆಯಿಸದಿರಲಿ. ಮುದ್ರೆ ಇದ್ದರೆ ತುಕ್ಕಿನೊಡನೆ ಅದೂ ಅಳಿಯುತ್ತದೆ. ಎಲ್ಲಿ, ಯಾವಾಗ ದೊರೆಯಿತೆಂಬುದನ್ನು ಒಂದು ಚೀಟಿಯಲ್ಲಿ ಬರೆದು ಜೊತೆಗಿಡಲಿ. ಸುಲ್ತಾನನ ಹೆಸರಿನಿಂದ ಬೆಲೆ ಏರೀತು, ಫ್ರೆಂಚರ ಹೆಸರಿನಿಂದ ಬೆರಗು ಹೆಚ್ಚೀತು. ಆದರೆ ಅದು ನಮ್ಮ ಸೀಮೆಯ ಕಮ್ಮಾರನೊಬ್ಬನ ಕೈಕೆಲಸವೇ ಆಗಿದ್ದ ಪಕ್ಷದಲ್ಲಿ, ಹೆಸರು ಬರೆದಿಡದ ಆತನಿಂದ ನಾವು ಉಳಿದಿದ್ದ ಒಂದೇ ಕೀರ್ತಿಯನ್ನೂ ಕಸಿದುಕೊಂಡಂತಾಗುತ್ತದೆ.